ಎನ್‌ಎಫ್‌ಎಲ್ ಡ್ರಾಫ್ಟ್: ಮೊದಲ ಹತ್ತು ಆಯ್ಕೆಗಳನ್ನು ಮುಂಚೆಯೇ ಹೇಳಲು ಸಾಧ್ಯವೇ?

ಏಪ್ರಿಲ್ ತಿಂಗಳು ಹತ್ತಿರವಾದಂತೆ ಅಮೆರಿಕದಲ್ಲಿ ಊಹೆಗಳ ಸುಗ್ಗಿ ಶುರುವಾಗುತ್ತದೆ. ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್ ಆಗಿರುವ ಎನ್‌ಎಫ್‌ಎಲ್‌ನ 32 ತಂಡಗಳು, ಕಾಲೇಜು ಮಟ್ಟದಲ್ಲಿ ಆಡಿ ಬಂದ ಹೊಸ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವ ಸಮಯ ಅದು. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಮೊದಲು ಯಾರ ಹೆಸರು ಕೂಗುತ್ತಾರೆ, ಎರಡನೆಯವರು ಯಾರು ಎಂದು ಪತ್ರಕರ್ತರು, ಟಿವಿ ವಿಶ್ಲೇಷಕರು, ಅಭಿಮಾನಿಗಳು ಪಟ್ಟಿ ಹಾಕುತ್ತಾರೆ. ಇವುಗಳ ನಡುವೆ ‘ಒಳಗಿನ ಮಾಹಿತಿ’, ‘ನೂರಕ್ಕೆ ನೂರು ಖಚಿತ’ ಎನ್ನುವ ಪೋಸ್ಟ್‌ಗಳೂ ಹರಿದಾಡುತ್ತವೆ. ಐಪಿಎಲ್ ಸಮಯದಲ್ಲಿ ನಮ್ಮ ಮೊಬೈಲ್‌ಗೆ ಬರುವ ‘ಪಕ್ಕಾ ಪ್ರಿಡಿಕ್ಷನ್’ ಸಂದೇಶಗಳ ಜಾತಿಯವೇ ಇವು.

ಇಂಥ ಭವಿಷ್ಯವನ್ನು ಎಷ್ಟರ ಮಟ್ಟಿಗೆ ನಂಬಬಹುದು? ಎನ್‌ಎಫ್‌ಎಲ್ ಡ್ರಾಫ್ಟ್ ಇದನ್ನು ಪರೀಕ್ಷಿಸಲು ಒಳ್ಳೆಯ ಉದಾಹರಣೆ. ಏಕೆಂದರೆ ಊಹೆಗಳೂ ಸಾರ್ವಜನಿಕ, ಫಲಿತಾಂಶವೂ ಸಾರ್ವಜನಿಕ.

ಚುಟುಕಾಗಿ ಉತ್ತರ

• ಡ್ರಾಫ್ಟ್‌ನ ಮೊದಲ ಹೆಸರನ್ನು ಕೊನೆಯ ಕೆಲವು ದಿನಗಳಲ್ಲಿ ಹೇಳುವುದು ಅನೇಕ ವರ್ಷ ಸಾಧ್ಯವಾಗುತ್ತದೆ.
• ಮೊದಲ ಹತ್ತು ಹೆಸರನ್ನು ಸರಿಯಾದ ಕ್ರಮದಲ್ಲಿ ಹೇಳುವುದು ಬಹುತೇಕ ಅಸಾಧ್ಯ.
• ಆಯ್ಕೆಯಾದವರಲ್ಲಿ ಯಾರು ಮುಂದೆ ಚೆನ್ನಾಗಿ ಆಡುತ್ತಾರೆ ಎಂಬುದನ್ನು ಕೋಟಿಗಟ್ಟಲೆ ಡಾಲರ್ ಖರ್ಚು ಮಾಡುವ ತಂಡಗಳೇ ಸರಿಯಾಗಿ ಹೇಳಲಾರವು.

ಡ್ರಾಫ್ಟ್ ನಡೆಯುವುದು ಹೇಗೆ?

ಇಲ್ಲಿ ಫುಟ್‌ಬಾಲ್ ಎಂದರೆ ಹೆಲ್ಮೆಟ್ ಧರಿಸಿ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್. ಇದರ ಮೊದಲ ಡ್ರಾಫ್ಟ್ 1936ರಲ್ಲಿ ನಡೆಯಿತು. ಈಗ ಡ್ರಾಫ್ಟ್‌ನಲ್ಲಿ ಏಳು ಸುತ್ತುಗಳಿವೆ. ಹಿಂದಿನ ಋತುವಿನಲ್ಲಿ ಅತಿ ಕಳಪೆಯಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಚಾಂಪಿಯನ್ ತಂಡಕ್ಕೆ ಕೊನೆಯ ಸರದಿ. ದುರ್ಬಲ ತಂಡಗಳು ಚೇತರಿಸಿಕೊಳ್ಳಲಿ ಎಂಬುದು ಇದರ ಉದ್ದೇಶ.

ಐಪಿಎಲ್ ಹರಾಜಿನಲ್ಲಿ ಹೆಚ್ಚು ಹಣ ಕೂಗಿದವರಿಗೆ ಆಟಗಾರ ಸಿಗುತ್ತಾನೆ. ಡ್ರಾಫ್ಟ್‌ನಲ್ಲಿ ಹಣ ಕೂಗುವಂತಿಲ್ಲ, ಸರದಿ ಬಂದಾಗ ಹೆಸರು ಹೇಳಬೇಕು ಅಷ್ಟೆ. ಆದರೆ ಒಂದು ತಂಡ ತನ್ನ ಸರದಿಯನ್ನು ಇನ್ನೊಂದು ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಬೇರೆ ಸರದಿಗಳನ್ನೋ ಆಟಗಾರರನ್ನೋ ಪಡೆಯಬಹುದು. ಊಹೆಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಮೊದಲ ಹೆಸರು ಏಕೆ ಸುಲಭ?

ಮೊದಲ ಸರದಿ ಯಾವ ತಂಡದ್ದು ಎಂಬುದು ತಿಂಗಳುಗಳ ಮೊದಲೇ ಗೊತ್ತಿರುತ್ತದೆ. ಆ ತಂಡಕ್ಕೆ ಏನು ಕೊರತೆ ಎಂಬುದೂ ಗೊತ್ತಿರುತ್ತದೆ. ಅವರ ಮುಂದೆ ಯಾರೂ ಇಲ್ಲದ ಕಾರಣ ತಮಗೆ ಬೇಕಾದವರು ಕೈತಪ್ಪುವ ಭಯವಿಲ್ಲ, ಹಾಗಾಗಿ ಗುಟ್ಟು ಕಾಯುವ ಅಗತ್ಯವೂ ಕಡಿಮೆ. 2008ರಲ್ಲಿ ಮಯಾಮಿ ಡಾಲ್ಫಿನ್ಸ್ ತಂಡ ಡ್ರಾಫ್ಟ್‌ಗೆ ಕೆಲವು ದಿನ ಮೊದಲೇ ಜೇಕ್ ಲಾಂಗ್ ಜೊತೆ ಒಪ್ಪಂದ ಮಾಡಿಕೊಂಡು ಮೊದಲ ಆಯ್ಕೆ ಯಾರೆಂದು ಎಲ್ಲರಿಗೂ ತಿಳಿಸಿತ್ತು. ಅಂಥ ವರ್ಷ ‘ನಾನು ಹೇಳಿದ್ದೆ’ ಎನ್ನುವುದರಲ್ಲಿ ಹೆಚ್ಚುಗಾರಿಕೆ ಏನಿಲ್ಲ.

ಇಷ್ಟಾದರೂ ಇದು ಪ್ರತಿ ವರ್ಷವೂ ಸುಲಭವಲ್ಲ. 2006ರಲ್ಲಿ ಬಹುತೇಕರು ರೆಜಿ ಬುಷ್ ಹೆಸರು ಹೇಳುತ್ತಿದ್ದರು. ಹ್ಯೂಸ್ಟನ್ ಟೆಕ್ಸನ್ಸ್ ತಂಡ ಡ್ರಾಫ್ಟ್‌ನ ಹಿಂದಿನ ದಿನ ಮಾರಿಯೊ ವಿಲಿಯಮ್ಸ್ ಜೊತೆ ಸಹಿ ಹಾಕಿತು. 2022ರಲ್ಲಿ ತಿಂಗಳುಗಟ್ಟಲೆ ಏಡನ್ ಹಚಿನ್ಸನ್ ಹೆಸರು ಮುಂದಿತ್ತು. ಕೊನೆಗೆ ಜಾಕ್ಸನ್‌ವಿಲ್ ಜಾಗ್ವಾರ್ಸ್ ತಂಡ ಟ್ರಾವನ್ ವಾಕರ್ ಅವರನ್ನು ಆರಿಸಿತು.

ಎರಡನೆಯ ಹೆಸರಿನಿಂದ ಲೆಕ್ಕ ಏಕೆ ಜಾರುತ್ತದೆ?

ಇದಕ್ಕೆ ಕಾರಣ ಸರಳ ಗಣಿತ. ಒಬ್ಬ ತಜ್ಞ ಪ್ರತಿಯೊಂದು ಸರದಿಯನ್ನೂ ಶೇ 80ರಷ್ಟು ಸರಿಯಾಗಿ ಹೇಳಬಲ್ಲ ಎಂದುಕೊಳ್ಳಿ. ಇದು ತುಂಬಾ ಉದಾರವಾದ ಅಂದಾಜು. ಆದರೂ ಹತ್ತಕ್ಕೆ ಹತ್ತೂ ಸರಿಯಾಗುವ ಸಾಧ್ಯತೆ ಸುಮಾರು ಶೇ 11 ಮಾತ್ರ. 0.8 ಅನ್ನು ಹತ್ತು ಬಾರಿ ಗುಣಿಸಿ ನೋಡಿ. ಪ್ರತಿ ಸರದಿಗೆ ಶೇ 60 ನಿಖರತೆ ಇದ್ದರೆ ಹತ್ತೂ ಸರಿಯಾಗುವ ಸಾಧ್ಯತೆ ಸಾವಿರಕ್ಕೆ ಆರು.

ನಿಜವಾದ ಡ್ರಾಫ್ಟ್ ಇದಕ್ಕಿಂತಲೂ ಕಷ್ಟ, ಏಕೆಂದರೆ ಒಂದು ಆಯ್ಕೆ ಮುಂದಿನ ಎಲ್ಲ ಆಯ್ಕೆಗಳನ್ನೂ ಅಲುಗಾಡಿಸುತ್ತದೆ. ಮೂರನೆಯ ಸರದಿಯ ತಂಡ ನಿರೀಕ್ಷೆಗೆ ವಿರುದ್ಧವಾಗಿ ಒಬ್ಬರನ್ನು ಆರಿಸಿದರೆ, ಅದೇ ಆಟಗಾರನಿಗೆ ಕಾಯುತ್ತಿದ್ದ ಆರನೆಯ ತಂಡ ಯೋಜನೆ ಬದಲಿಸಬೇಕಾಗುತ್ತದೆ. ಸಾಲಾಗಿ ನಿಲ್ಲಿಸಿದ ಇಟ್ಟಿಗೆಗಳಲ್ಲಿ ಒಂದು ಬಿದ್ದಂತೆ.

2021ರಲ್ಲಿ ಹೀಗೇ ಆಯಿತು. ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡ ದೊಡ್ಡ ಬೆಲೆ ತೆತ್ತು ಮೂರನೆಯ ಸರದಿಯನ್ನು ಪಡೆಯಿತು. ಅದು ಮ್ಯಾಕ್ ಜೋನ್ಸ್‌ಗಾಗಿ ಎಂದು ಅನೇಕ ವರದಿಗಳು ಹೇಳಿದವು. ತಂಡ ಆರಿಸಿದ್ದು ಟ್ರೇ ಲ್ಯಾನ್ಸ್ ಅವರನ್ನು. ಜೋನ್ಸ್ 15ನೆಯ ಸರದಿಯವರೆಗೆ ಕಾಯಬೇಕಾಯಿತು.

ಕೆಲವೊಮ್ಮೆ ಯಾರೂ ಊಹಿಸಲಾರದ ಘಟನೆಯೇ ನಡೆದುಬಿಡುತ್ತದೆ. 2016ರಲ್ಲಿ ಡ್ರಾಫ್ಟ್ ಆರಂಭಕ್ಕೆ ಕೆಲವೇ ನಿಮಿಷ ಇರುವಾಗ ಲೆರೆಮಿ ಟನ್ಸಿಲ್ ಎಂಬ ಆಟಗಾರನ ಸ್ವಂತ ಖಾತೆಯಲ್ಲೇ ಮುಜುಗರದ ವಿಡಿಯೊವೊಂದು ಕಾಣಿಸಿಕೊಂಡಿತು. ಅತಿ ಮುಂಚೂಣಿಯಲ್ಲಿದ್ದ ಅವರ ಹೆಸರು 13ನೆಯ ಸ್ಥಾನಕ್ಕೆ ಜಾರಿತು. 2025ರಲ್ಲಿ ಶೆಡೂರ್ ಸ್ಯಾಂಡರ್ಸ್ ಮೊದಲ ಸುತ್ತಿನಲ್ಲೇ ಆಯ್ಕೆಯಾಗುತ್ತಾರೆ ಎಂದು ಅನೇಕ ಪಟ್ಟಿಗಳು ಹೇಳಿದ್ದವು. ಅವರು ಆಯ್ಕೆಯಾಗಿದ್ದು ಐದನೆಯ ಸುತ್ತಿನಲ್ಲಿ, 144ನೆಯವರಾಗಿ.

ಒಂದು ಅನಾಮಧೇಯ ಪೋಸ್ಟ್ ಮಾಡಿದ ಗದ್ದಲ

ಫಾರ್ವರ್ಡ್ ಮಾಡುವ ಎಲ್ಲರೂ ತಿಳಿಯಬೇಕಾದ ಪ್ರಕರಣ 2023ರದ್ದು. ಆ ವರ್ಷ ಮೊದಲ ಸರದಿ ಕೆರೊಲಿನಾ ಪ್ಯಾಂಥರ್ಸ್ ತಂಡದ ಬಳಿ ಇತ್ತು. ಬ್ರೈಸ್ ಯಂಗ್ ಆಯ್ಕೆಯಾಗುತ್ತಾರೆ ಎಂದು ಹೆಚ್ಚಿನವರು ನಂಬಿದ್ದರು. ಅಷ್ಟರಲ್ಲಿ, ವಿಲ್ ಲೆವಿಸ್ ಎಂಬ ಇನ್ನೊಬ್ಬ ಆಟಗಾರ ‘ಮೊದಲ ಆಯ್ಕೆ ನಾನೇ’ ಎಂದು ತನ್ನ ಆಪ್ತರಿಗೆ ಹೇಳುತ್ತಿದ್ದಾರೆ ಎಂದು ಹೆಸರಿಲ್ಲದ ವ್ಯಕ್ತಿಯೊಬ್ಬರು ಅಂತರ್ಜಾಲದಲ್ಲಿ ಬರೆದರು.

ಯಾವ ಪುರಾವೆಯೂ ಇರಲಿಲ್ಲ. ಆದರೂ ಪೋಸ್ಟ್ ವೈರಲ್ ಆಯಿತು. ಜನ ಲೆವಿಸ್ ಮೇಲೆ ಹಣ ಕಟ್ಟತೊಡಗಿದರು. ಬೆಟ್ಟಿಂಗ್ ಕಂಪನಿಗಳ ದರ ರಾತ್ರೋರಾತ್ರಿ ಬದಲಾಯಿತು. ದರ ಬದಲಾಗಿದ್ದನ್ನು ನೋಡಿದ ಇನ್ನಷ್ಟು ಮಂದಿ ‘ಏನೋ ಇದೆ, ಅದಕ್ಕೇ ದರ ಬದಲಾಗಿದೆ’ ಎಂದುಕೊಂಡರು. ವದಂತಿಯೇ ತನಗೆ ತಾನು ಸಾಕ್ಷಿಯಾಗಿ ನಿಂತಿತು.

ಫಲಿತಾಂಶ? ಪ್ಯಾಂಥರ್ಸ್ ಬ್ರೈಸ್ ಯಂಗ್ ಅವರನ್ನೇ ಆರಿಸಿತು. ಕಾನ್ಸಸ್ ಸಿಟಿಯ ಡ್ರಾಫ್ಟ್ ಸ್ಥಳದಲ್ಲೇ ಕುಳಿತಿದ್ದ ಲೆವಿಸ್ ಹೆಸರು ಮೊದಲ ಸುತ್ತಿನಲ್ಲಿ ಬರಲೇ ಇಲ್ಲ. ಮರುದಿನ ಎರಡನೆಯ ಸುತ್ತಿನಲ್ಲಿ, 33ನೆಯವರಾಗಿ ಅವರು ಆಯ್ಕೆಯಾದರು. ಪೋಸ್ಟ್ ನಂಬಿ ಹಣ ಕಟ್ಟಿದವರು ಕಳೆದುಕೊಂಡರು. ಟಿವಿ ಕ್ಯಾಮೆರಾಗಳ ಎದುರು ಗಂಟೆಗಟ್ಟಲೆ ಕಾದ ಯುವಕನಿಗೆ ಆದ ಮುಜುಗರ ಬೇರೆ.

ಹೆಸರು ಬರುವುದು ಬೇರೆ, ಆಡುವುದು ಬೇರೆ

‘ಯಾರನ್ನು ಆರಿಸುತ್ತಾರೆ?’ ಎಂಬುದು ಒಂದು ಪ್ರಶ್ನೆ. ‘ಯಾರು ಚೆನ್ನಾಗಿ ಆಡುತ್ತಾರೆ?’ ಎಂಬುದು ಇನ್ನೊಂದು. ಮೊದಲನೆಯದು ತಂಡದ ಆಡಳಿತದ ಮನಸ್ಸಿನಲ್ಲಿ ಏನಿದೆ ಎಂಬ ಊಹೆ. ಎರಡನೆಯದು ಮುಂದಿನ ಹತ್ತು ವರ್ಷಗಳ ಭವಿಷ್ಯ. ಅನೇಕ ಪೋಸ್ಟ್‌ಗಳು ಇವೆರಡನ್ನೂ ಕಲಸುತ್ತವೆ.

ಅರ್ಥಶಾಸ್ತ್ರದ ನೊಬೆಲ್ ಪುರಸ್ಕೃತ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ ಈ ಡ್ರಾಫ್ಟ್ ಬಗ್ಗೆ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಒಂದೇ ಜಾಗದಲ್ಲಿ ಆಡುವ ಇಬ್ಬರನ್ನು ಅವರು ಹೋಲಿಸಿದರು: ಡ್ರಾಫ್ಟ್‌ನಲ್ಲಿ ಮೊದಲು ಆಯ್ಕೆಯಾದವರು, ಅವರ ನಂತರ ಅದೇ ಜಾಗಕ್ಕೆ ಆಯ್ಕೆಯಾದವರು. ಮೊದಲನೆಯವರು ಮುಂದೆ ಉತ್ತಮವಾಗಿ ಆಡಿದ್ದು ಶೇ 52ರಷ್ಟು ಸಂದರ್ಭಗಳಲ್ಲಿ ಮಾತ್ರ. ನಾಣ್ಯ ಚಿಮ್ಮಿದರೆ ಶೇ 50 ಸಿಗುತ್ತದೆ. ಮೊದಲ ಸರದಿಗಳಿಗೆ ತಂಡಗಳು ಅತಿಯಾದ ಬೆಲೆ ಕೊಡುತ್ತವೆ, ತಮ್ಮ ತೀರ್ಪಿನ ಮೇಲೆ ಅವುಗಳಿಗೆ ಅತಿಯಾದ ವಿಶ್ವಾಸ ಇದೆ ಎಂಬುದು ಅವರ ತೀರ್ಮಾನ.

49ಅರ್ಸ್ ತಂಡದ ಕಥೆಯೇ ಇದಕ್ಕೆ ಉದಾಹರಣೆ. ದುಬಾರಿ ಬೆಲೆಗೆ ತಂದ ಟ್ರೇ ಲ್ಯಾನ್ಸ್ ಆ ತಂಡದ ಪರ ಆರಂಭಿಕ ಆಟಗಾರನಾಗಿ ಇಳಿದಿದ್ದು ನಾಲ್ಕೇ ಪಂದ್ಯಗಳಲ್ಲಿ. 2022ರ ಡ್ರಾಫ್ಟ್‌ನ ಕಟ್ಟಕಡೆಯ ಆಯ್ಕೆಯಾಗಿ, 262ನೆಯವರಾಗಿ ಬಂದ ಬ್ರಾಕ್ ಪರ್ಡಿ ಆ ಜಾಗಕ್ಕೆ ಬಂದು 2024ರ ಫೆಬ್ರವರಿಯಲ್ಲಿ ತಂಡವನ್ನು ಸೂಪರ್ ಬೌಲ್ ಫೈನಲ್‌ವರೆಗೆ ಕರೆದೊಯ್ದರು.

ಹಾಗೆಂದು ಡ್ರಾಫ್ಟ್ ಪೂರ್ತಿ ಅದೃಷ್ಟ ಎಂದಲ್ಲ. ಒಟ್ಟಾರೆ ನೋಡಿದರೆ ಮೊದಲ ಸುತ್ತಿನವರು ಕೊನೆಯ ಸುತ್ತಿನವರಿಗಿಂತ ಹೆಚ್ಚು ಯಶಸ್ವಿಯಾಗುತ್ತಾರೆ. ಒಂದು ಗುಂಪಿನ ಬಗ್ಗೆ ಅಂದಾಜು ಮಾಡಬಹುದು. ಆ ಗುಂಪಿನೊಳಗೆ ಇವನೇ ಮಿಂಚುತ್ತಾನೆ ಎಂದು ಹೇಳುವುದು ಕಷ್ಟ.

ಓಟದ ವೇಗ ಅಳೆದರೆ ಗೊತ್ತಾಗುವುದಿಲ್ಲವೇ?

ಡ್ರಾಫ್ಟ್‌ಗೆ ಮುನ್ನ ಇಂಡಿಯಾನಾಪೊಲಿಸ್‌ನಲ್ಲಿ ಆಟಗಾರರ ದೈಹಿಕ ಪರೀಕ್ಷೆ ನಡೆಯುತ್ತದೆ. 40 ಗಜ, ಅಂದರೆ ಸುಮಾರು 36.5 ಮೀಟರ್ ಓಟ, ಎತ್ತರ ಜಿಗಿತ, ಸುಮಾರು 102 ಕಿಲೊ ಭಾರ ಎತ್ತುವುದು ಇವೆಲ್ಲ ಇರುತ್ತವೆ. 2000ನೆಯ ಇಸವಿಯಲ್ಲಿ ಟಾಮ್ ಬ್ರಾಡಿ ಈ ಓಟಕ್ಕೆ 5.28 ಸೆಕೆಂಡ್ ತೆಗೆದುಕೊಂಡರು. ಅದು ನಿಧಾನವೇ. ಅವರಿಗಿಂತ ಮೊದಲು 198 ಮಂದಿ ಆಯ್ಕೆಯಾದರು. ಮುಂದೆ ಅವರು ಏಳು ಸೂಪರ್ ಬೌಲ್ ಗೆದ್ದರು. 2007ರ ಮೊದಲ ಆಯ್ಕೆ ಜಮಾರ್ಕಸ್ ರಸೆಲ್ ಮೂರು ಋತುಗಳ ನಂತರ ತಂಡದಿಂದಲೇ ಹೊರಬಿದ್ದರು.

ಇಲ್ಲಿ ಒಂದು ಅಂಕಿಅಂಶದ ಸೂಕ್ಷ್ಮವಿದೆ. ಪಟ್ಟಿಯ ತುದಿಯಲ್ಲಿ ಇರುವವರೆಲ್ಲ ಪ್ರತಿಭಾವಂತರೇ, ಅವರ ನಡುವಿನ ಅಂತರ ತೀರಾ ಸಣ್ಣದು. ಸಿಇಟಿಯಲ್ಲಿ ಮೊದಲ ರ‍್ಯಾಂಕ್ ಬಂದವರು ಐದನೆಯ ರ‍್ಯಾಂಕ್‌ನವರಿಗಿಂತ ಒಳ್ಳೆಯ ಎಂಜಿನಿಯರ್ ಆಗುತ್ತಾರೆಯೇ ಎಂದು ಅಂಕ ನೋಡಿ ಹೇಳಲಾಗದು. ಇಲ್ಲಿಯೂ ಹಾಗೆಯೇ. ಗಾಯ, ಕೋಚ್, ಜೊತೆಯ ಆಟಗಾರರು, ಸಿಗುವ ಅವಕಾಶ ಇವುಗಳೇ ಮುಂದಿನ ದಾರಿ ನಿರ್ಧರಿಸುತ್ತವೆ. ಇವು ಯಾವುವೂ ಓಟದ ಗಡಿಯಾರದಲ್ಲಿ ಕಾಣುವುದಿಲ್ಲ.

ನಮ್ಮಲ್ಲೂ ಒಂದು ಡ್ರಾಫ್ಟ್ ನಡೆದಿತ್ತು

2008ರ ಮೊದಲ ಐಪಿಎಲ್‌ಗೆ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಭಾರತ ತಂಡದ ಆಟಗಾರರನ್ನು ಹರಾಜು ಹಾಕದೆ ಡ್ರಾಫ್ಟ್ ಮೂಲಕ ಹಂಚಲಾಯಿತು. ಆ ತಂಡದ ನಾಯಕ ದೆಹಲಿಯ ವಿರಾಟ್ ಕೊಹ್ಲಿ. ದೆಹಲಿ ಫ್ರಾಂಚೈಸಿ ಅವರನ್ನು ಬಿಟ್ಟು ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿತು. ಕೊಹ್ಲಿ ಆರ್‌ಸಿಬಿ ಪಾಲಾದರು. ಈಗ ನೋಡಿದರೆ ದೆಹಲಿಯದ್ದು ದೊಡ್ಡ ತಪ್ಪು ಅನ್ನಿಸುತ್ತದೆ. ಆ ದಿನ ಅವರ ಕೈಯಲ್ಲಿದ್ದ ಮಾಹಿತಿಯಲ್ಲಿ ಮುಂದಿನ ಹದಿನೈದು ವರ್ಷ ಬರೆದಿರಲಿಲ್ಲ.

ಹಾಗಾದರೆ ಕೆಲವರ ಪಟ್ಟಿ ಸರಿಯಾಗುವುದು ಹೇಗೆ?

ಮೂರು ಸಾಮಾನ್ಯ ಕಾರಣಗಳಿವೆ.

ಒಂದು, ಹಲವು ಊಹೆ ಹಾಕಿ ತಪ್ಪಿದ್ದನ್ನು ಅಳಿಸುವುದು. ಐದು ಹೆಸರುಗಳಲ್ಲಿ ಮೊದಲ ಮೂರು ಸ್ಥಾನ ತುಂಬಲು 60 ರೀತಿಗಳಿವೆ. 60 ಖಾತೆಗಳಿಂದ 60 ಪಟ್ಟಿ ಹಾಕಿ, ನಂತರ 59 ಅಳಿಸಿದರೆ ಉಳಿದದ್ದು ‘ಪವಾಡ’!

ಎರಡು, ತಡವಾಗಿ ಹೇಳುವುದು. ಡ್ರಾಫ್ಟ್‌ಗೆ ಒಂದು ಗಂಟೆ ಮೊದಲಿನ ಪಟ್ಟಿಗೂ ಮೂರು ತಿಂಗಳು ಮೊದಲಿನ ಪಟ್ಟಿಗೂ ಅಜಗಜಾಂತರ.

ಮೂರು, ಅಳತೆಗೋಲನ್ನೇ ಬದಲಿಸುವುದು. ಮೊದಲ ಸುತ್ತಿನ 32 ಮಂದಿಯಲ್ಲಿ ಯಾರ್ಯಾರು ಇರುತ್ತಾರೆ ಎಂದು ಹೇಳುವುದು ಒಂದು. ಯಾವ ಆಟಗಾರ, ಯಾವ ತಂಡ, ಎಷ್ಟನೆಯ ಸರದಿ ಎಂದು ಹೇಳುವುದು ಇನ್ನೊಂದು. ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಗೆದ್ದಂತೆ ಹೇಳಿಕೊಳ್ಳುವವರು ಇದ್ದಾರೆ.

ಫಾರ್ವರ್ಡ್ ಮಾಡುವ ಮುನ್ನ

ಅಮೆರಿಕದ ಡ್ರಾಫ್ಟ್ ಇರಲಿ, ಐಪಿಎಲ್ ಇರಲಿ, ಕಬಡ್ಡಿ ಇರಲಿ, ‘ಪಕ್ಕಾ ಪ್ರಿಡಿಕ್ಷನ್’ ಬಂದರೆ ಇಷ್ಟು ಕೇಳಿಕೊಳ್ಳಿ:

• ಇದನ್ನು ಬರೆದವರ ಹೆಸರು ಇದೆಯೇ?
• ಫಲಿತಾಂಶಕ್ಕಿಂತ ಮೊದಲೇ ಪ್ರಕಟವಾಗಿತ್ತೇ? ಸ್ಕ್ರೀನ್‌ಶಾಟ್‌ನ ದಿನಾಂಕವನ್ನು ತಿದ್ದುವುದು ಸುಲಭ.
• ಅವರ ತಪ್ಪಿದ ಊಹೆಗಳೂ ಕಾಣಸಿಗುತ್ತವೆಯೇ, ಗೆದ್ದದ್ದು ಮಾತ್ರವೇ?
• ‘ಸಾಧ್ಯತೆ ಇದೆ’ ಎನ್ನುತ್ತಾರೆಯೇ, ‘ಖಚಿತ’ ಎನ್ನುತ್ತಾರೆಯೇ? ಬಲ್ಲವರು ಸಾಮಾನ್ಯವಾಗಿ ಮೊದಲನೆಯದನ್ನೇ ಹೇಳುತ್ತಾರೆ.
• ಕೊನೆಯಲ್ಲಿ ಹಣ ಕಟ್ಟಿ, ಗುಂಪಿಗೆ ಸೇರಿ ಎಂಬ ಲಿಂಕ್ ಇದೆಯೇ?

ಕೊನೆಯ ಪ್ರಶ್ನೆಗೆ ‘ಹೌದು’ ಎಂದಾದರೆ ಅಲ್ಲಿಗೇ ನಿಲ್ಲಿಸಿ. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಭಾರತದ ಸಂಸತ್ತು 2025ರಲ್ಲಿ ಅಂಗೀಕರಿಸಿದೆ. ಈಗಾಗಲೇ ಹಣ ಕಳುಹಿಸಿ ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತೀರ್ಮಾನ: ಡ್ರಾಫ್ಟ್‌ನ ಮೊದಲ ಹೆಸರುಗಳನ್ನು ಊಹಿಸುವುದು ಆಟದಷ್ಟೇ ಮಜವಾದ ಕಾಲಕ್ಷೇಪ. ಗೆಳೆಯರ ಜೊತೆ ಪಟ್ಟಿ ಹಾಕಿ, ನಗಿ, ಚರ್ಚಿಸಿ. ಆದರೆ ‘ನೂರಕ್ಕೆ ನೂರು ಖಚಿತ’ ಎಂಬ ಹೇಳಿಕೆ ತಪ್ಪು. ಆಟಗಾರರನ್ನು ಆರಿಸುವುದೇ ಕೆಲಸವಾಗಿರುವ ತಂಡಗಳಿಗೆ ಸಿಗದ ಖಚಿತತೆ ಒಂದು ಫಾರ್ವರ್ಡ್ ಸಂದೇಶಕ್ಕೆ ಸಿಗುವುದಿಲ್ಲ.