ಸೊಕ್ಕು, ಮದ, ಹ್ಯೂಬ್ರಿಸ್: ಕಾರವಾರದ ಕಡಲಂಚಿನಲ್ಲೊಂದು ಪದವಿಚಾರ

ಕೆಲವು ವರ್ಷಗಳ ಹಿಂದೆ ಅಂಕೋಲೆಯಲ್ಲಿ ಪದವಿ ತರಗತಿಗೆ ಬಿ.ಎಂ.ಶ್ರೀ. ಅವರ 'ಗದಾಯುದ್ಧ ನಾಟಕಂ' ಪಾಠ ಮಾಡುತ್ತಿದ್ದೆ. ಜೈನ ಮಹಾಕವಿ ರನ್ನನ ಕಾವ್ಯವನ್ನು ಗ್ರೀಕ್ ದುರಂತ ನಾಟಕದ ಅಚ್ಚಿಗೆ ಎರೆದ 1926ರ ಕೃತಿಯದು. ದುರ್ಯೋಧನನ ಸ್ವಭಾವವನ್ನು ವಿವರಿಸುವಾಗ 'ಹ್ಯೂಬ್ರಿಸ್' ಎಂಬ ಪದ ಬಾಯಿಗೆ ಬಂದಿತು. ಇದಕ್ಕೆ ಕನ್ನಡದಲ್ಲಿ ಏನೆನ್ನಬಹುದೆಂದು ಕೇಳಿದೆ. ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು, 'ಸೊಕ್ಕು ಅಲ್ವಾ ಸರ್?' ಎಂದಳು. ತರಗತಿ ನಕ್ಕಿತು, ನಾನೂ ನಕ್ಕೆ. 'ಅದು ಆಡುಮಾತಮ್ಮಾ, ಸಾಹಿತ್ಯ ವಿಮರ್ಶೆಗೆ ಒಗ್ಗುವುದಿಲ್ಲ. ಅಹಂಕಾರ ಎಂದು ಬರೆದುಕೊಳ್ಳಿ' ಎಂದೆ. ಆಕೆ ತಲೆ ತಗ್ಗಿಸಿ ಬರೆದುಕೊಂಡಳು. ಅಂದು ಸರಿಯಾದ ಉತ್ತರ ಯಾರದಾಗಿತ್ತೆಂಬುದು ನನಗೆ ಹೊಳೆಯಲು ಬಹಳ ಕಾಲ ಹಿಡಿಯಿತು.

ಇಂಗ್ಲಿಷಿನಲ್ಲಿ ಇಂದು ಹ್ಯೂಬ್ರಿಸ್ ಎಂದರೆ ತನ್ನ ಮಹತ್ತ್ವ, ಸಾಮರ್ಥ್ಯಗಳ ಬಗೆಗೆ ಮಿತಿಮೀರಿದ ನಂಬಿಕೆ. ಹಿಂದೆಯೇ ಪತನವನ್ನು ಕರೆತರುವಂಥದು. 'ಪ್ರೈಡ್' ಎಂಬ ಮಾತಿನಲ್ಲಿ ಅಭಿಮಾನದ ಒಳ್ಳೆಯ ಛಾಯೆಯೂ ಇದೆ, ಹ್ಯೂಬ್ರಿಸ್‌ನಲ್ಲಿ ಅದಿಲ್ಲ. ಊರಿನ ಜಂಬಗಾರನಿಗೆ ಈ ಪದವನ್ನು ಸಾಮಾನ್ಯವಾಗಿ ಬಳಸುವುದಿಲ್ಲ. ಅರಸ, ಸೇನಾಪತಿ, ಮಂತ್ರಿಯಂಥ ಎತ್ತರದಲ್ಲಿರುವವರಿಗೇ ಅದು ಹೆಚ್ಚು ಮೀಸಲು. ಮೂಲ ಗ್ರೀಕಿನಲ್ಲಿ ಅರ್ಥ ಇನ್ನಷ್ಟು ಖಚಿತವಾಗಿತ್ತು. ಅಥೆನ್ಸಿನಲ್ಲಿ ಅದೊಂದು ಶಿಕ್ಷಾರ್ಹ ಅಪರಾಧ. ಲಾಭಕ್ಕಾಗಿಯಲ್ಲ, ಸೇಡಿಗಾಗಿಯೂ ಅಲ್ಲ, ತಾನು ಮೇಲು ಎಂಬ ಸುಖಕ್ಕಾಗಿಯೇ ಇನ್ನೊಬ್ಬರನ್ನು ಅವಮಾನಿಸುವುದೇ ಹ್ಯೂಬ್ರಿಸ್ ಎಂಬುದು ಅರಿಸ್ಟಾಟಲನ ವಿವರಣೆಯ ಸಾರ. ಕ್ರಿ.ಪೂ. 480ರ ದಂಡಯಾತ್ರೆಯ ವೇಳೆ ತಾನು ಕಟ್ಟಿಸಿದ ಸೇತುವೆಯನ್ನು ಬಿರುಗಾಳಿ ಮುರಿದಾಗ, ಪಾರಸಿಕ ದೊರೆ ಕ್ಸೆರ್ಕ್ಸಿಸ್ ಕಡಲಿಗೇ 300 ಚಾಟಿಯೇಟು ಹಾಕಿಸಿದನೆಂದು ಹೆರೊಡೋಟಸ್ ಬರೆದಿದ್ದಾನೆ. ಹ್ಯೂಬ್ರಿಸ್‌ನ ಬೆನ್ನಿಗೆ ಗ್ರೀಕರು 'ನೆಮೆಸಿಸ್' ಎಂಬ ಪ್ರತೀಕಾರದ ದೇವತೆಯನ್ನು ನಿಲ್ಲಿಸಿದರು. ಮಿತಿಮೀರಿದವನನ್ನು ಹೊರಗಿನ ಶಕ್ತಿಯೊಂದು ಬಂದು ದಂಡಿಸುತ್ತದೆ.

ಈಗ ನಮ್ಮ ಪದಗಳತ್ತ ಬರೋಣ. ಕನ್ನಡದಲ್ಲಿ ಗರ್ವ, ದರ್ಪ, ಹಮ್ಮು, ಬಿಂಕ, ಠೇಂಕಾರ ಎಂದು ಎಷ್ಟೋ ಪದಗಳಿವೆ. ಜೈನ ಶಾಸ್ತ್ರಕಾರರು ಇದಕ್ಕೆ ಬಳಸಿದ ವಿಶಿಷ್ಟ ಪದ 'ಮದ'. ಅಮಲೇರುವುದು ಅದರ ಮೂಲಾರ್ಥ; ಆನೆಯ ಕಪೋಲದಿಂದ ಒಸರುವ ದ್ರವವೂ ಮದವೇ. ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಎಂಟು ಮದಗಳನ್ನು ಎಣಿಸಿದ್ದಾರೆ: ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ಶರೀರ. ಈ ಪಟ್ಟಿಯನ್ನು ನಿಧಾನವಾಗಿ ಓದಬೇಕು. ಕುಲ, ಬಲ, ಐಶ್ವರ್ಯಗಳು ತಲೆಗೇರುತ್ತವೆಂಬುದು ಲೋಕಕ್ಕೆಲ್ಲ ತಿಳಿದದ್ದೇ. ಆದರೆ ಇಲ್ಲಿ ಪಟ್ಟಿ ಮೊದಲಾಗುವುದೇ ಜ್ಞಾನದಿಂದ. ತಪಸ್ಸಿಗೂ ಇಲ್ಲಿ ವಿನಾಯಿತಿಯಿಲ್ಲ. ಸದ್ಗುಣವೇ ಅಮಲಾಗಬಲ್ಲದು ಎಂಬ ಎಚ್ಚರ ಇದು. ಶ್ವೇತಾಂಬರ ಪರಂಪರೆಯ ಕಥೆಯಲ್ಲಿ ಬ್ರಾಹ್ಮೀ ಸುಂದರಿಯರು ತಪೋನಿರತ ಅಣ್ಣ ಬಾಹುಬಲಿಗೆ ಆನೆಯಿಂದ ಕೆಳಗಿಳಿಯುವಂತೆ ಹೇಳುತ್ತಾರೆ. ಅವನು ನಿಂತಿದ್ದುದು ನೆಲದ ಮೇಲೆ, ಆನೆಯಿದ್ದುದು ಮನಸ್ಸಿನಲ್ಲಿ.

ತಪೋಮದವನ್ನು ವಸ್ತುವಾಗಿಸಿದ ನಾಟಕವೊಂದು ಹುಟ್ಟಿದ್ದು ನಮ್ಮ ಕಾರವಾರದಲ್ಲಿಯೇ ಎಂಬುದನ್ನು ನಾವು ಸಾಕಷ್ಟು ನೆನೆಯುವುದಿಲ್ಲ. ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಪದವಿಗೇರಿದ ಮೊದಲ ಭಾರತೀಯರು. ಅವರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇನ್ನೂ ಇಪ್ಪತ್ತೆರಡರ ಆಸುಪಾಸಿನ ತಮ್ಮ ಇಲ್ಲಿಗೆ ಬಂದು ಉಳಿದರು. ಆಗ ಇಲ್ಲಿ ಬರೆದ ನಾಟಕ 'ಪ್ರಕೃತಿರ್ ಪ್ರತಿಶೋಧ' 1884ರಲ್ಲಿ ಪ್ರಕಟವಾಯಿತು. ಹೆಸರಿನ ಅರ್ಥ 'ಪ್ರಕೃತಿಯ ಪ್ರತೀಕಾರ'. ಲೋಕದ ಬಂಧನಗಳನ್ನೆಲ್ಲ ಕಡಿದು ಪ್ರಕೃತಿಯನ್ನೇ ಗೆದ್ದೆನೆಂದು ಬೀಗುವ ಸಂನ್ಯಾಸಿ ಗುಹೆಯಿಂದ ಹೊರಬರುತ್ತಾನೆ. ಎಲ್ಲರೂ ದೂರವಿಟ್ಟ ಅನಾಥ ಹುಡುಗಿಯೊಬ್ಬಳು ಅವನನ್ನು ಆಶ್ರಯಿಸುತ್ತಾಳೆ. ಅವಳ ಮೇಲೆ ಮೂಡಿದ ಮಮತೆಗೆ ಹೆದರಿ ಅವನು ಓಡಿಹೋಗುತ್ತಾನೆ. ಕೊನೆಗೆ ದಂಡ, ಭಿಕ್ಷಾಪಾತ್ರೆಗಳನ್ನು ಬಿಸುಟು ಹಿಂದಿರುಗುವಾಗ ಹುಡುಗಿ ತೀರಿಕೊಂಡಿರುತ್ತಾಳೆ.

ಇದು ಸಂನ್ಯಾಸದ ಹೀಯಾಳಿಕೆಯಲ್ಲವೇ ಎಂದು ನಮ್ಮವರಲ್ಲಿ ಕೆಲವರು ಕೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಆ ಸಂನ್ಯಾಸಿಯ ದೋಷ ತ್ಯಾಗದಲ್ಲಿಲ್ಲ, ತ್ಯಜಿಸಿದೆನೆಂಬ ಅಮಲಿನಲ್ಲಿದೆ. ಜೀವದಯೆಯಿಲ್ಲದ ವೈರಾಗ್ಯ ನಮ್ಮ ಆಚಾರ್ಯರಿಗೂ ಒಪ್ಪಿಗೆಯಾಗದು. ಆದರೆ ಒಂದು ಭೇದವುಂಟು. ಠಾಕೂರರಲ್ಲಿಯೂ ಗ್ರೀಕರಲ್ಲಿಯೂ ಪ್ರತೀಕಾರ ಹೊರಗಿನಿಂದ ಬರುತ್ತದೆ. ಜೈನ ದೃಷ್ಟಿಯಲ್ಲಿ ಯಾರೂ ಬಂದು ದಂಡಿಸಬೇಕಾಗಿಲ್ಲ. ಮಾನವೆಂಬುದು ಕಷಾಯ, ಉದಿಸಿದ ಕ್ಷಣದಲ್ಲೇ ಅದು ಆತ್ಮಕ್ಕೆ ಕರ್ಮವನ್ನು ಅಂಟಿಸುತ್ತದೆ. ಹೊರಗೆ ಪತನವಾಗದ ಅಹಂಕಾರಿಯೂ ಒಳಗೆ ಬಿದ್ದಿರುತ್ತಾನೆ. ನೇಮಿಚಂದ್ರರ 'ಗೊಮ್ಮಟಸಾರ' ಈ ಮಾನದ ನಾಲ್ಕು ಮಟ್ಟಗಳನ್ನು ಕಲ್ಲು, ಎಲುಬು, ಮರ, ಬೆತ್ತಗಳಿಗೆ ಹೋಲಿಸುತ್ತದೆ. ಕಲ್ಲು ಬಾಗದು, ಬೆತ್ತ ಬಾಗುತ್ತದೆ.

ಠಾಕೂರರು ಕಾರವಾರಕ್ಕೆ ಬಂದ ಕಾಲದಲ್ಲಿಯೇ ಇನ್ನೊಂದು ಬಗೆಯ ಮದವೂ ಈ ಕರಾವಳಿಯನ್ನು ಆಳುತ್ತಿತ್ತು. 1882ರ ಉಪ್ಪಿನ ಕಾಯಿದೆಯಂತೆ, ಸರ್ಕಾರದ ಅಪ್ಪಣೆಯಿಲ್ಲದೆ ಕಡಲಂಚಿನ ಮನುಷ್ಯ ಕಡಲ ನೀರಿನಿಂದ ಉಪ್ಪು ಮಾಡಿಕೊಳ್ಳುವುದು ಅಪರಾಧ. ಕಡಲಿಗೆ ಚಾಟಿ ಬೀಸಿದ ಕ್ಸೆರ್ಕ್ಸಿಸನ ವಂಶದ್ದೇ ಈ ಬಲಮದ. 1930ರ ಏಪ್ರಿಲಿನಲ್ಲಿ ಎಂ.ಪಿ. ನಾಡಕರ್ಣಿಯವರ ನಾಯಕತ್ವದಲ್ಲಿ ಅಂಕೋಲೆಯ ಜನ ಉಪ್ಪು ತಯಾರಿಸಿ ಆ ಕಾಯಿದೆಯನ್ನು ಮುರಿದರು. ಮುಂದೆ ಕರನಿರಾಕರಣೆಗಿಳಿದ ರೈತರು ಹೊಲಮನೆಗಳನ್ನು ಕಳೆದುಕೊಂಡರು. ದರ್ಪಕ್ಕೆ ಪ್ರತಿದರ್ಪವನ್ನು ಒಡ್ಡದೆ, ಕಷ್ಟವನ್ನು ತಮ್ಮ ಮೇಲೆ ಎಳೆದುಕೊಂಡು ಎದುರಿಸಿದ ಹೋರಾಟವದು. ಮೃದುವಾಗುವುದೆಂದರೆ ಮಣಿಯುವುದಲ್ಲ ಎಂಬುದಕ್ಕೆ, ಉತ್ತಮ ಮಾರ್ದವವನ್ನು ವಿವರಿಸುವಾಗ ನಾನು ಕೊಡುವ ಉದಾಹರಣೆಯೂ ಅದೇ.

ಇಷ್ಟೆಲ್ಲ ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ಒಂದು ಸಂಜೆ, ನಿಘಂಟು ತೆರೆದು 'ಸೊಕ್ಕು' ಪದವನ್ನು ನೋಡಿದೆ. ಹಳಗನ್ನಡದ 'ಸೊರ್ಕು' ಎಂಬುದರಿಂದ ಬಂದ ಅದಕ್ಕೆ ಅಮಲೇರು, ಮದವೇರು ಎಂಬ ಅರ್ಥಗಳಿವೆ. ಮದಿಸಿದ ಆನೆಯನ್ನು ಸೊಕ್ಕಿದಾನೆ ಎನ್ನುವುದು ಇದರಿಂದಲೇ. ಆಚಾರ್ಯರು ಸಂಸ್ಕೃತದಲ್ಲಿ 'ಮದ' ಎಂದುದನ್ನೇ ಆ ಹುಡುಗಿ ಅಚ್ಚಗನ್ನಡದಲ್ಲಿ ಹೇಳಿದ್ದಳು. 'ಅಹಂಕಾರ'ದಲ್ಲಿ ನಾನೆಂಬ ಭಾವವಷ್ಟೇ ಇದೆ, ಅಮಲಿನ ಅರ್ಥವಿಲ್ಲ. ಅವಳ ಪದವೇ ಹೆಚ್ಚು ನಿಖರವಾಗಿತ್ತು.

ಇದೇ ಜಿಲ್ಲೆಯ ಹಾಡುವಳ್ಳಿಯ ಪರಂಪರೆಗೆ ಸೇರಿದ ಭಟ್ಟಾಕಳಂಕದೇವರು 1604ರಲ್ಲಿ 'ಶಬ್ದಾನುಶಾಸನ'ವನ್ನು ರಚಿಸಿದಾಗ, ಕನ್ನಡ ಶಾಸ್ತ್ರಕ್ಕೆ ಒಗ್ಗದ ಭಾಷೆ ಎನ್ನುವ ವಾದವನ್ನು ಎದುರಿಸಬೇಕಾಯಿತು. 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡದ ವ್ಯಾಕರಣವನ್ನು ಕಟ್ಟಿ ಅವರು ಉತ್ತರ ಕೊಟ್ಟರು. ಆ ಗ್ರಂಥವನ್ನು ವರ್ಷವರ್ಷ ಕೊಂಡಾಡುವ ನಾನೇ ತರಗತಿಯಲ್ಲಿ ಆ ಪೂರ್ವಪಕ್ಷದವರ ಸಾಲಿನಲ್ಲಿ ನಿಂತಿದ್ದೆ. ಡಾಕ್ಟರೇಟು ಪಡೆದವನು ಹಳ್ಳಿಯ ಹುಡುಗಿಯ ಮಾತಿಗೆ ನಕ್ಕದ್ದನ್ನು ಯಾವ ಮದವೆಂದು ಕರೆಯಬೇಕೆಂಬುದಕ್ಕೆ ಸಮಂತಭದ್ರರ ಪಟ್ಟಿಯಲ್ಲಿ ದೂರ ಹುಡುಕಬೇಕಾಗಿಲ್ಲ. ಮೊದಲ ಹೆಸರೇ ಅದು.

ಆಕೆ ಅಷ್ಟರಲ್ಲಿ ಪದವಿ ಮುಗಿಸಿ ಹೋಗಿದ್ದಳು. ಈಗ ಆ ಪಾಠ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಹ್ಯೂಬ್ರಿಸ್‌ನ ಎದುರಿಗೆ 'ಸೊಕ್ಕು' ಎಂದೇ ಬರೆಯುತ್ತೇನೆ. ಯಾರಾದರೂ ನಕ್ಕರೆ, ಈ ಪದವನ್ನು ನನಗೆ ಕಲಿಸಿದವಳು ನಿಮ್ಮಂತೆಯೇ ಇಲ್ಲಿ ಕುಳಿತಿದ್ದ ವಿದ್ಯಾರ್ಥಿನಿ ಎಂದು ಹೇಳುತ್ತೇನೆ.