ಕಿಟಕಿಗೆ ಅಡ್ಡವಾದ ದೋಣಿ

(ಕನ್ನಡ ಕೂಟದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯನನ್ನು ಉಪನ್ಯಾಸಕ್ಕೆ ಕರೆದರೆ ಸಭಿಕರು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತನ್ನು ನಿರೀಕ್ಷಿಸುವುದು ಸಹಜ. ಆ ಪ್ರಶ್ನೆಗಳನ್ನು ಊಟದ ಸಾಲಿನಲ್ಲಿ ನಿಂತಾಗ ನೀವು ಹೇಗೂ ಕೇಳುತ್ತೀರಿ. ಆದ್ದರಿಂದ ವೇದಿಕೆಯ ಮೇಲಿಂದ ಬೇರೊಂದು ವಿಷಯವನ್ನು ಹೇಳಲು ಅಪ್ಪಣೆ ಬೇಡುತ್ತೇನೆ. ನಾನು ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಡೆಟ್ರಾಯಿಟಿನಲ್ಲಿ ರೆಸಿಡೆನ್ಸಿ ಮಾಡಿ, ಶಿಕಾಗೊ ಸಮೀಪದಲ್ಲಿ ನೆಲೆಸಿದವನು. ಇತಿಹಾಸ ನನಗೆ ವೃತ್ತಿಯಲ್ಲ, ಹವ್ಯಾಸ. ಇಂದಿನ ವಿಷಯ ನನಗೆ ದೊರೆತದ್ದು ಗ್ರಂಥಾಲಯದಲ್ಲಲ್ಲ, ನಮ್ಮ ಅಡುಗೆಮನೆಯ ಮೇಜಿನ ಬಳಿ.

ಎಂಬತ್ತು ದಾಟಿದ ನನ್ನ ತಾಯಿ ಊರಿನಿಂದ ಬಂದಿದ್ದರು. ಅವರನ್ನು ಒಮ್ಮೆ ವಿಹಾರನೌಕೆಯಲ್ಲಿ ಕರೆದೊಯ್ಯಬೇಕೆಂದು ನಾನೂ ನನ್ನ ಪತ್ನಿಯೂ ಯೋಚಿಸಿ, ಹಡಗಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದೆವು. ಕಿಟಕಿಯಿಲ್ಲದ ಒಳಕೋಣೆ ಅಗ್ಗ. ಸಮುದ್ರ ಕಾಣುವ ಕೋಣೆ ದುಬಾರಿ. ಇವೆರಡರ ನಡುವೆ ಮೂರನೆಯ ಬಗೆಯೊಂದಿತ್ತು: ‘ಅಬ್‌ಸ್ಟ್ರಕ್ಟೆಡ್ ವ್ಯೂ’, ಅಂದರೆ ನೋಟಕ್ಕೆ ಅಡ್ಡಿಯಿರುವ ಕೋಣೆ. ಕಿಟಕಿಯೇನೋ ಇದೆ, ಬೆಳಕೂ ಬರುತ್ತದೆ. ಆದರೆ ಕಿಟಕಿಯ ಎದುರಿಗೇ ಜೀವರಕ್ಷಕ ದೋಣಿಯೊಂದು ತೂಗುತ್ತಿರುತ್ತದೆ. ಬೆಲೆ ಸಾಕಷ್ಟು ಕಡಿಮೆ.

“ಅಮ್ಮ ಇಷ್ಟು ದೂರ ಬಂದು ದೋಣಿಯ ಬೆನ್ನು ನೋಡಿಕೊಂಡು ಹೋಗಬೇಕೇ?” ಎಂದು ನನ್ನ ಪತ್ನಿ ಆಕ್ಷೇಪಿಸಿದಳು. ಅಮ್ಮ ಕನ್ನಡಕ ಸರಿಪಡಿಸಿಕೊಂಡು ನಕ್ಷೆಯನ್ನು ನೋಡಿ, “ಕಣ್ಣಿಗೆ ಅಡ್ಡವಾದರೆ ಏನಮ್ಮಾ, ಕೈಗೆ ಹತ್ತಿರವಾಯಿತಲ್ಲ” ಎಂದರು. ಆ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಈ ದೋಣಿ ಕಿಟಕಿಯ ಮುಂದೆ ಬಂದದ್ದು ಹೇಗೆ? ಅದು ನಿಜವಾಗಿಯೂ ಅಮ್ಮ ನಂಬಿದಷ್ಟು ಹತ್ತಿರದ ಆಸರೆಯೇ? ಈ ಪ್ರಶ್ನೆಗಳ ಉತ್ತರದ ಬಹುಭಾಗ ನಾವು ದಿನವೂ ಓಡಾಡುವ ಶಿಕಾಗೊ, ಡೆಟ್ರಾಯಿಟ್ ನಗರಗಳಲ್ಲೇ ಇದೆಯೆಂಬುದು ಓದುತ್ತ ಹೋದಂತೆ ತಿಳಿಯಿತು.

ಕಥೆ ಆರಂಭವಾಗುವುದು ನಿಮಗೆಲ್ಲ ಪರಿಚಿತವಾದ ‘ಟೈಟಾನಿಕ್’ ಹಡಗಿನಿಂದ. 1912ರ ಏಪ್ರಿಲ್ 15ರಂದು ಅದು ಮುಳುಗಿದಾಗ ಅದರಲ್ಲಿ ಸುಮಾರು 2,200 ಜನರಿದ್ದರು. ಇದ್ದ 20 ದೋಣಿಗಳಲ್ಲಿ ಸ್ಥಳವಿದ್ದದ್ದು 1,178 ಮಂದಿಗೆ ಮಾತ್ರ. ಇದು ಕಾನೂನಿನ ಉಲ್ಲಂಘನೆಯಾಗಿರಲಿಲ್ಲ ಎಂಬುದೇ ಸೋಜಿಗ. ಬ್ರಿಟನ್ನಿನ ನಿಯಮಗಳು ದೋಣಿಗಳ ಸಂಖ್ಯೆಯನ್ನು ಗೊತ್ತುಪಡಿಸುತ್ತಿದ್ದದ್ದು ಹಡಗಿನ ಗಾತ್ರವನ್ನು ನೋಡಿ, ಪ್ರಯಾಣಿಕರ ತಲೆಗಳನ್ನು ಎಣಿಸಿ ಅಲ್ಲ. ಆ ನಿಯಮಗಳ ಅತ್ಯುನ್ನತ ದರ್ಜೆ 10,000 ಟನ್ನಿಗೇ ಮುಗಿಯುತ್ತಿತ್ತು. ಟೈಟಾನಿಕ್ 46,000 ಟನ್ನನ್ನು ಮೀರಿತ್ತು. ಅದರ ಮೇಲಂತಸ್ತಿನಲ್ಲಿ ದೋಣಿಗಳು ಮುಂದೊಂದು ಗುಂಪು, ಹಿಂದೊಂದು ಗುಂಪಾಗಿ ನಿಂತಿದ್ದವು. ನಡುವೆ ಅಡ್ಡಾಡಲು ತೆರವಾದ ಅಂಗಳವಿತ್ತು. ಅಲ್ಲಿ ನಿಂತವರಿಗೆ ಕಡಲು ನಿರಾತಂಕವಾಗಿ ಕಾಣುತ್ತಿತ್ತು. ಸತ್ತವರು ಸುಮಾರು 1,500 ಮಂದಿ.

ಈ ದುರಂತದ ಮೇಲೆ ಲೋಕ ಎಚ್ಚೆತ್ತಿತು. 1914ರ ಜನವರಿಯಲ್ಲಿ ಲಂಡನ್ನಿನಲ್ಲಿ ಸಮುದ್ರಯಾನದ ಸುರಕ್ಷತೆಗಾಗಿ ಮೊದಲ ಅಂತಾರಾಷ್ಟ್ರೀಯ ಒಪ್ಪಂದವಾಯಿತು. ಅಮೆರಿಕದಲ್ಲಿ ವಿಸ್ಕಾನ್ಸಿನ್ನಿನ ಸೆನೇಟರ್ ರಾಬರ್ಟ್ ಲಾ ಫಾಲೆಟ್ ಮಂಡಿಸಿದ ನಾವಿಕರ ಕಾಯಿದೆಗೆ 1915ರ ಮಾರ್ಚ್ 4ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಸಹಿ ಹಾಕಿದರು. ಹಡಗುಗಳು ಹೆಚ್ಚು ದೋಣಿಗಳನ್ನೂ ತೆಪ್ಪಗಳನ್ನೂ ಹೊರಬೇಕೆಂಬುದು ಅದರ ಒಂದು ಮುಖ್ಯ ಅಂಶ. ಇದಕ್ಕಿಂತ ನ್ಯಾಯವಾದ ಬೇಡಿಕೆ ಯಾವುದಿದ್ದೀತು? ಆದರೂ ಡೆಟ್ರಾಯಿಟಿನಿಂದ ಒಂದು ಎಚ್ಚರಿಕೆಯ ದನಿ ಕೇಳಿಬಂದಿತ್ತು. ಡೆಟ್ರಾಯಿಟ್ ಅಂಡ್ ಕ್ಲೀವ್‌ಲ್ಯಾಂಡ್ ನ್ಯಾವಿಗೇಷನ್ ಕಂಪೆನಿಯ ವ್ಯವಸ್ಥಾಪಕ ಎ. ಎ. ಶಾಂಟ್ಸ್ ಅವರು 1914ರಲ್ಲೇ, ಮಹಾಸರೋವರಗಳ ಹಡಗುಗಳು ಕಡಿಮೆ ಆಳದ ನೀರಿಗೆಂದು ಕಟ್ಟಿದವು, ಅವುಗಳ ನೆತ್ತಿಯ ಮೇಲೆ ಇಷ್ಟೊಂದು ಭಾರ ಹೇರಿದರೆ ಕೆಲವು ಮಗುಚಿಕೊಂಡಾವು ಎಂದು ಹೇಳಿದ್ದರು. ಹಡಗಿನ ಒಡೆಯರ ಪರವಾದ ಮಾತೆಂದು ಅದನ್ನು ಸಂಶಯದಿಂದ ನೋಡಿದವರನ್ನು ಪೂರ್ತಿ ದೂಷಿಸಲಾಗದು. ಖರ್ಚನ್ನು ತಪ್ಪಿಸಲು ಸುರಕ್ಷತೆಯ ನೆಪ ಹೇಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಆದರೆ ಹೇಳುವವನ ಸ್ವಾರ್ಥವನ್ನು ಕಂಡು ಅವನ ಲೆಕ್ಕವನ್ನೇ ಪರೀಕ್ಷಿಸದೆ ಬಿಡುವುದು ಬೇರೆ ಮಾತು.

‘ಈಸ್ಟ್‌ಲ್ಯಾಂಡ್’ ಎಂಬ ಹಡಗನ್ನು ಕಟ್ಟಿದ್ದು ಡೆಟ್ರಾಯಿಟಿನ ಉತ್ತರಕ್ಕಿರುವ ಪೋರ್ಟ್ ಹ್ಯೂರನ್‌ನಲ್ಲಿ. ಅದು ನೀರಿಗಿಳಿದದ್ದು 1903ರಲ್ಲಿ. ಮೈಯಲ್ಲಿ ಕಿರಿದು, ತಲೆಯಲ್ಲಿ ಭಾರ. ಮರುವರ್ಷವೇ ಜನರನ್ನು ತುಂಬಿಕೊಂಡು ಅಪಾಯಕರವಾಗಿ ವಾಲಿತ್ತು. ನೆಟ್ಟಗೆ ನಿಲ್ಲಬೇಕಾದರೆ ತಳದ ತೊಟ್ಟಿಗಳಿಗೆ ನೀರು ತುಂಬಿ ಸರಿದೂಗಿಸುತ್ತಿರಬೇಕಾಗಿತ್ತು. 1915ರ ಜುಲೈ 2ರಂದು, ಹೊಸ ಕಾಯಿದೆಯ ನಿರೀಕ್ಷೆಯಲ್ಲಿ, ಅದರ ಮೇಲಂತಸ್ತಿಗೆ ಇನ್ನಷ್ಟು ದೋಣಿಗಳನ್ನೂ ತೆಪ್ಪಗಳನ್ನೂ ಏರಿಸಲಾಯಿತು. ಅವುಗಳ ಆಧಾರದ ಮೇಲೆ 2,500 ಜನರನ್ನು ಒಯ್ಯಲು ಪರವಾನಗಿಯೂ ದೊರೆಯಿತು. ಏರಿಸಿದ ಭಾರದಿಂದ ಹಡಗಿನ ಸಮತೋಲ ಏನಾಯಿತೆಂದು ಯಾರೂ ಅಳೆದು ನೋಡಲಿಲ್ಲ.

ಅದಾದ ಇಪ್ಪತ್ತೆರಡನೆಯ ದಿನ, ಜುಲೈ 24ರ ಶನಿವಾರ. ಸಿಸರೋ ಪಟ್ಟಣದ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯ ಕೆಲಸಗಾರರಿಗೆ ವರ್ಷಕ್ಕೊಮ್ಮೆಯ ವಿಹಾರ. ಸರೋವರದಾಚೆಯ ಮಿಷಿಗನ್ ಸಿಟಿಗೆ ಹೋಗಿಬರುವ ಏರ್ಪಾಡು. ಅವರಲ್ಲಿ ಬಹುಮಂದಿ ವಲಸೆ ಬಂದವರು, ಅವರ ಮಕ್ಕಳು. ಝೆಕ್ ಜನರು ಹೆಚ್ಚು. ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಎತ್ತಿಕೊಂಡು ಬೆಳಗಿನ ಆರೂವರೆಯಿಂದಲೇ ಹತ್ತತೊಡಗಿದರು. ನಮ್ಮ ಕೂಟದ ಪಿಕ್‌ನಿಕ್ಕಿಗೆ ಹೊರಟ ಬಸ್ಸನ್ನು ನೆನೆದರೆ ಆ ಸಂಭ್ರಮದ ಚಿತ್ರ ನಿಮಗೆ ಬಂದೀತು. ಏಳೂಕಾಲಿನ ಹೊತ್ತಿಗೆ ಹಡಗು ತುಂಬಿತು. ತುಂತುರು ಮಳೆಗೆ ಅನೇಕ ತಾಯಂದಿರು ಮಕ್ಕಳೊಡನೆ ಕೆಳ ಅಂತಸ್ತಿಗೆ ಇಳಿದಿದ್ದರು. ಹಡಗು ಆ ಕಡೆ ಈ ಕಡೆ ತೂಗಿತು. ಏಳೂವರೆಗೆ ಇನ್ನೆರಡು ನಿಮಿಷವಿರುವಾಗ ಎಡಕ್ಕೆ ಮಗ್ಗುಲಾಗಿ ಮಲಗಿತು. ಅದು ಇನ್ನೂ ಕಟ್ಟೆಯನ್ನು ಬಿಟ್ಟಿರಲಿಲ್ಲ. ಕ್ಲಾರ್ಕ್ ಮತ್ತು ಲಾಸಾಲ್ ಬೀದಿಗಳ ನಡುವೆ, ದಡದಿಂದ ಕೆಲವೇ ಅಡಿಗಳ ದೂರದಲ್ಲಿ, ಸುಮಾರು ಇಪ್ಪತ್ತು ಅಡಿ ಆಳದ ನೀರಿನಲ್ಲಿ 844 ಜನ ಸತ್ತರು. 22 ಕುಟುಂಬಗಳಲ್ಲಿ ಒಬ್ಬರೂ ಉಳಿಯಲಿಲ್ಲ. ದೋಣಿಗಳಲ್ಲಿ ಒಂದನ್ನೂ ಇಳಿಸುವಷ್ಟು ಸಮಯವಿರಲಿಲ್ಲ.

ವೈದ್ಯನಾಗಿ ನಾನು ಇಲ್ಲೊಂದು ಹೆಸರನ್ನು ಹೇಳಲೇಬೇಕು. ಅದೇ ಕಾರ್ಖಾನೆಯ ದಾದಿ ಹೆಲೆನ್ ರೆಪಾ ಟ್ರಾಲಿಯಲ್ಲಿ ಬರುತ್ತಿದ್ದಾಗ ಚೀರಾಟ ಕೇಳಿ ಓಡಿಬಂದಳು. ಗಾಯಾಳುಗಳನ್ನು ಸಮೀಪದ ಇರೊಕ್ವಾ ಸ್ಮಾರಕ ಆಸ್ಪತ್ರೆಗೆ ಕಳುಹಿಸಿದಳು. ಮಾರ್ಷಲ್ ಫೀಲ್ಡ್ ಅಂಗಡಿಯಿಂದ ಕಂಬಳಿಗಳನ್ನು ತರಿಸಿದಳು. ಉಪಾಹಾರಗೃಹಗಳಿಂದ ಬಿಸಿ ಸೂಪು, ಕಾಫಿ ತರಿಸಿದಳು. ಬದುಕಿದವರನ್ನು ಬೀದಿಯಲ್ಲಿ ಹೋಗುತ್ತಿದ್ದ ಕಾರುಗಳನ್ನು ನಿಲ್ಲಿಸಿ ಮನೆಗೆ ಕಳುಹಿಸಿದಳು. ಆ ಆಸ್ಪತ್ರೆಯೂ 1903ರ ಇರೊಕ್ವಾ ನಾಟಕಶಾಲೆಯ ಬೆಂಕಿಯಲ್ಲಿ ಸತ್ತವರ ನೆನಪಿಗೆ ಕಟ್ಟಿದ್ದು. ಒಂದು ದುರಂತದ ಸ್ಮಾರಕ ಇನ್ನೊಂದು ದುರಂತದ ಗಾಯಾಳುಗಳಿಗೆ ಒದಗಿತು.

ದೋಣಿಗಳೇ ಈ ಸಾವುಗಳಿಗೆ ಕಾರಣವೇ? ಹಾಗೆಂದರೆ ಸತ್ಯಕ್ಕೆ ದೂರ. ಹುಟ್ಟಿನ ದೋಷ, ತೊಟ್ಟಿಗಳ ನಿರ್ವಹಣೆ, ಕಿಕ್ಕಿರಿದ ಜನ ಎಲ್ಲವೂ ಸೇರಿದ್ದವು. ಇತಿಹಾಸಕಾರ ಜಾರ್ಜ್ ಹಿಲ್ಟನ್ 1995ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೊದಲೇ ಅಸ್ಥಿರವಾಗಿದ್ದ ಹಡಗನ್ನು ಅಂಚಿನಿಂದಾಚೆಗೆ ದೂಡಿದ್ದು ಮೇಲೇರಿಸಿದ ಈ ಭಾರ ಎಂದು ವಾದಿಸುತ್ತಾರೆ. ನನಗೆ ಇದು ಚಿಕಿತ್ಸಾಲಯದ ಅನುಭವವನ್ನು ನೆನಪಿಗೆ ತರುತ್ತದೆ. ವಯಸ್ಸಾದವರೊಬ್ಬರಿಗೆ ಹೃದಯದ ವೈದ್ಯರದು ಒಂದು ಮಾತ್ರೆ, ಮೂತ್ರಪಿಂಡದವರದು ಒಂದು, ನಿದ್ರೆಗೊಂದು, ನೋವಿಗೊಂದು. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದೂ ಸರಿ. ಎಲ್ಲ ಸೇರಿ ಒಂದು ರಾತ್ರಿ ಅವರು ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಇಡೀ ದೇಹದ ಸಮತೋಲವನ್ನು ಯಾರೂ ಕೇಳಿರುವುದಿಲ್ಲ.

ಎರಡನೆಯ ಪಾಠ ಡೆಟ್ರಾಯಿಟಿನದು. 1949ರ ಸೆಪ್ಟೆಂಬರ್ 14ರಂದು ‘ನೊರೋನಿಕ್’ ಎಂಬ ವಿಹಾರನೌಕೆ ಅಲ್ಲಿಂದ ಹೊರಟಿತು. ಪ್ರಯಾಣಿಕರು ಹೆಚ್ಚಾಗಿ ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್ ಸೀಮೆಯವರು. ಸೆಪ್ಟೆಂಬರ್ 17ರ ನಸುಕಿನಲ್ಲಿ ಅದು ಟೊರಾಂಟೊದ ಕಟ್ಟೆಗೆ ಕಟ್ಟಿ ನಿಂತಿರುವಾಗ ಬಟ್ಟೆ ಇಡುವ ಕಿರುಕೋಣೆಯಲ್ಲಿ ಬೆಂಕಿ ಹುಟ್ಟಿತು. ಒಳಗೋಡೆಗಳೆಲ್ಲ ವರ್ಷಗಟ್ಟಲೆ ಎಣ್ಣೆಯ ಮೆರುಗು ಕುಡಿದ ಮರ. ಕರ್ತವ್ಯದ ಮೇಲಿದ್ದ ಸಿಬ್ಬಂದಿ ಬೆರಳೆಣಿಕೆಯಷ್ಟು. ಕಟ್ಟೆಗಿಳಿಯುವ ದಾರಿ ಒಂದೇ ಅಂತಸ್ತಿನಲ್ಲಿ. ಅದು ಯಾವುದೆಂದು ಮಲಗಿದ್ದವರಿಗೆ ತಿಳಿಯದು. ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯೂ ದೋಣಿಗಳಿದ್ದವು, ಅಲ್ಲಿಯೂ ದಡ ಕೈಗೆಟಕುವಷ್ಟಿತ್ತು. ಇಲ್ಲದಿದ್ದದ್ದು ಕೋಣೆಯಿಂದ ಹೊರಬರುವ ದಾರಿಯ ತಿಳಿವಳಿಕೆ. ಮುಂದೆ ಬೆಂಕಿಯ ನಿಯಮಗಳು ಬಿಗಿಯಾದವು. ಮರದ ಒಳಗೋಡೆಗಳ ಹಳೆಯ ನೌಕೆಗಳ ಕಾಲ ಮುಗಿಯಿತು. ಸರೋವರಗಳ ಹೆಸರಾಂತ ‘ಸೌತ್ ಅಮೆರಿಕನ್’ 1967ರಲ್ಲಿ ತನ್ನ ಕೊನೆಯ ಯಾತ್ರೆ ಮಾಡಿತು.

ಈಗ ಕಿಟಕಿಯ ಮುಂದಿನ ದೋಣಿಗೆ ಮರಳೋಣ. ಹಿಂದೆ ದೋಣಿಗಳು ಹಡಗಿನ ನೆತ್ತಿಯ ಮೇಲಿರುತ್ತಿದ್ದವು. 1961ರಲ್ಲಿ ಸಂಚಾರ ಆರಂಭಿಸಿದ ಬ್ರಿಟನ್ನಿನ ‘ಕ್ಯಾನ್‌ಬರಾ’ ಹಡಗಿನಲ್ಲಿ ಅವುಗಳನ್ನು ಹಲವು ಅಂತಸ್ತು ಕೆಳಗೆ, ಹಡಗಿನ ಪಕ್ಕೆಯೊಳಗೆ ಅಳವಡಿಸಿದರು. ಭಾರ ಕೆಳಗಿಳಿದರೆ ಹಡಗು ಸ್ಥಿರ. ದೋಣಿ ನೀರಿಗೆ ಇಳಿಯಬೇಕಾದ ಎತ್ತರವೂ ಕಡಿಮೆ. ದೋಣಿ ಇಳಿಸುವ ತೋಳುಗಳು ಸಾಧ್ಯವಾದ ಮಟ್ಟಿಗೆ ನೀರಿನಿಂದ 15 ಮೀಟರಿಗಿಂತ ಎತ್ತರವಿರಬಾರದೆಂಬುದು ಇಂದಿನ ಅಂತಾರಾಷ್ಟ್ರೀಯ ನಿಯಮ. ಹೀಗೆ ನೆತ್ತಿಯಿಂದ ಇಳಿದುಬಂದ ದೋಣಿ ಕೆಲವರ ಕಿಟಕಿಯ ಮುಂದೆ ನಿಂತಿತು. ಅಂದರೆ ಆ ಅಡ್ಡಿ ಕಟ್ಟುವವರ ಅಚಾತುರ್ಯವಲ್ಲ. ದೋಣಿ ಬೇಕು ಎಂಬುದು ಟೈಟಾನಿಕ್ ಕಲಿಸಿದ ಪಾಠ. ಅದು ಎಲ್ಲಿರಬೇಕು ಎಂಬುದನ್ನೂ ಕೇಳಬೇಕೆಂಬುದು ಈಸ್ಟ್‌ಲ್ಯಾಂಡ್ ಕಲಿಸಿದ ಪಾಠ.

ಇಂಥ ಕೋಣೆಯನ್ನು ಆರಿಸುವವರಿಗೆ ವೈದ್ಯನ ಕೆಲವು ಮಾತು. ಇವು ಸಾಮಾನ್ಯವಾಗಿ ಹಡಗಿನ ನಡುಭಾಗದ ಕಡೆ, ಬಹಳ ಮೇಲಲ್ಲದ ಅಂತಸ್ತಿನಲ್ಲಿರುತ್ತವೆ. ಅಲ್ಲಿ ಓಲಾಟ ಕಡಿಮೆ. ಕಿಟಕಿಯ ಬೆಳಕಿನಿಂದ ಹಗಲು ರಾತ್ರಿಗಳ ಪರಿವೆಯಿರುತ್ತದೆ. ವೃದ್ಧರಿಗೆ ಕತ್ತಲೆಯ ಒಳಕೋಣೆಗಿಂತ ಇದು ಹಿತ. ಕೆಲವೆಡೆ ದೋಣಿ ಇಡೀ ಕಿಟಕಿಯನ್ನು ಮುಚ್ಚುತ್ತದೆ, ಕೆಲವೆಡೆ ಕೆಳಗಿನ ಅಂಚನ್ನು ಮಾತ್ರ. ನಕ್ಷೆಯಲ್ಲಿ ದೋಣಿಯ ಗುರುತನ್ನು ನೋಡಿ, ಕೇಳಿ ತಿಳಿದುಕೊಳ್ಳಿ. ಎದುರಿಗಿರುವ ದೋಣಿಯೇ ನಿಮ್ಮದೆಂದು ಭಾವಿಸಬೇಡಿ. ಎಲ್ಲಿ ಸೇರಬೇಕೆಂಬುದನ್ನು ಹಡಗಿನವರು ಗೊತ್ತುಮಾಡಿರುತ್ತಾರೆ.

ಇದನ್ನೆಲ್ಲ ಓದಿದ ದಿನ ಈಸ್ಟ್‌ಲ್ಯಾಂಡ್ ಕಥೆಯನ್ನು ಅಮ್ಮನಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ನಾನು ಐವತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳದಿದ್ದ ಸಂಗತಿಯನ್ನು ಹೇಳಿದರು. ಅವರ ತವರು ಕಾವೇರಿಯ ದಂಡೆಯ ಹಳ್ಳಿ. ಸೇತುವೆಯಿಲ್ಲದ ಕಾಲ, ದಾಟಲು ಹರಿಗೋಲು. ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್ ಸುಮಾರು 1520ರಲ್ಲಿ ತುಂಗಭದ್ರೆಯ ಮೇಲೆ ಕಂಡು ಬರೆದಿಟ್ಟ, ಬೆತ್ತ ಹೆಣೆದು ತೊಗಲು ಹೊದಿಸಿದ ಬುಟ್ಟಿಯಂಥ ಅದೇ ದೋಣಿ. ಅಂಬಿಗ ಹತ್ತುವವರನ್ನೆಲ್ಲ ಸುತ್ತಲೂ ಸಮನಾಗಿ ಕೂರಿಸಿ, ಅಲುಗಬೇಡಿ ಎಂದು ಎಚ್ಚರಿಸಿಯೇ ಹೊರಡುತ್ತಿದ್ದ. ಒಂದು ಜಾತ್ರೆಯ ದಿನ ದಡ ಸಮೀಪಿಸುತ್ತಲೇ ತೇರು ಕಂಡಿತೆಂದು ಎಲ್ಲರೂ ಒಂದೇ ಕಡೆಗೆ ಎದ್ದು ನಿಂತರು. ಅಮ್ಮನ ಅಣ್ಣನಿಗೆ ಆಗ ಹನ್ನೊಂದು ವರ್ಷ.

“ದಡ ಅಲ್ಲೇ ಇತ್ತು ಕಣಪ್ಪಾ” ಎಂದಷ್ಟೇ ಹೇಳಿ ಅವರು ಎದ್ದು ಒಳಗೆ ಹೋದರು.

ನಾವು ಆ ದೋಣಿ ಅಡ್ಡವಿದ್ದ ಕೋಣೆಯನ್ನೇ ಗೊತ್ತುಮಾಡಿದೆವು. ಹಡಗು ಹತ್ತಿದ ಮೊದಲ ಸಂಜೆ, ಸಮುದ್ರವನ್ನು ನೋಡುವ ಮುನ್ನ, ಅಮ್ಮನೂ ನಾನೂ ಕೋಣೆಯಿಂದ ಮೆಟ್ಟಿಲವರೆಗೆ ನಡೆದು ಬಾಗಿಲುಗಳನ್ನು ಎಣಿಸಿದೆವು: ಎಡಗೈ ಕಡೆ ಒಂಬತ್ತು. ಕತ್ತಲಾದರೂ ಗೋಡೆ ಸವರಿಕೊಂಡು ಹೋಗಬಹುದು ಎಂದರು ಅಮ್ಮ. ಆಮೇಲೆ ಮೇಲಂತಸ್ತಿಗೆ ಹೋಗಿ ಎಲ್ಲರೊಡನೆ ಕಡಲನ್ನು ನೋಡಿದೆವು. ಅದು ಅಲ್ಲಿಂದ ಎಲ್ಲರಿಗೂ ಒಂದೇ ಬೆಲೆಗೆ ಕಾಣುತ್ತದೆ.

ಶಿಕಾಗೊ ಪೇಟೆಗೆ ಹೋದಾಗ ಲಾಸಾಲ್ ಬೀದಿಯ ಬಳಿ ನದಿಯ ದಂಡೆಯಲ್ಲಿ ಈಸ್ಟ್‌ಲ್ಯಾಂಡಿನ ಸ್ಮಾರಕ ಫಲಕವಿದೆ, ಮಕ್ಕಳಿಗೆ ತೋರಿಸಿ. ನಗರದ ಬೊಹೀಮಿಯನ್ ನ್ಯಾಷನಲ್ ಶ್ಮಶಾನದಲ್ಲಿ ಆ ದಿನ ಸತ್ತ ನೂರಕ್ಕೂ ಹೆಚ್ಚು ಮಂದಿಯ ಸಮಾಧಿಗಳಿವೆ. ಅವರೂ ನಮ್ಮಂತೆಯೇ ದೂರದಿಂದ ಬಂದು, ಇಲ್ಲಿ ದುಡಿದು, ಒಂದು ದಿನದ ಸಂತೋಷಕ್ಕೆಂದು ಮಕ್ಕಳ ಕೈ ಹಿಡಿದು ಹೊರಟವರು.