ಕೊರಳ ಹಿಂದಿನ 97

ಮೇ ತಿಂಗಳೆಂದರೆ ನಮ್ಮ ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಮತ್ತು ಈಚಿನ ಕೆಲವು ವರ್ಷಗಳಿಂದ ಇಂಗ್ಲೆಂಡಿನ ಫುಟ್‌ಬಾಲು. ನನ್ನ ಮಗ ಲಿವರ್‌ಪೂಲ್ ಪಕ್ಷ, ತಂಗಿಯ ಮಗ ಆರ್ಸೆನಲ್ ಪಕ್ಷ. ಇಬ್ಬರೂ ಆ ಊರುಗಳನ್ನು ಭೂಪಟದಲ್ಲಲ್ಲದೆ ಬೇರೆಲ್ಲೂ ಕಂಡವರಲ್ಲ. ಆದರೂ ಋತುವಿನ ಕೊನೆಯ ದಿನದ ಆಟ ಹತ್ತಿರ ಬಂತೆಂದರೆ ಜಗಲಿಯ ಮೇಲೆ ಕುಳಿತು ಹೇಳುವ ಭವಿಷ್ಯವೇನು, ಕಟ್ಟುವ ಪಂಥವೇನು! ನಮ್ಮ ಬೀಗರ ಮನೆಗಳಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹಾಡಿನಲ್ಲಿ ಹಳಿಯುತ್ತಿದ್ದರಲ್ಲ, ಅದೇ ಧಾಟಿ. ನಾನು ಒಳಗೆ ಹಪ್ಪಳದ ಹಿಟ್ಟು ನಾದುತ್ತಾ ಕೇಳಿಸಿಕೊಂಡು ನಗುತ್ತಿರುತ್ತೇನೆ.

ಒಂದು ವರ್ಷ ಈ ನಗು ಥಟ್ಟನೆ ನಿಂತುಹೋಯಿತು. ಮಾತಿಗೆ ಮಾತು ಬೆಳೆದು ತಂಗಿಯ ಮಗ, “ನೀವು ಬಿಡಪ್ಪ, ಯಾವಾಗಲೂ ಅಯ್ಯೋ ಪಾಪದವರು, ಅಳುವುದೇ ನಿಮ್ಮ ಕಸುಬು” ಎಂಬರ್ಥದ ಏನನ್ನೋ ಇಂಗ್ಲಿಷಿನಲ್ಲಿ ಅಂದ. ನನ್ನ ಮಗ ಉತ್ತರ ಕೊಡಲಿಲ್ಲ. ಎದ್ದು ಒಳಗೆ ಹೋದ. ಅಂದವನಿಗೂ ತಾನು ಏನೆಂದೆ ಎಂಬುದು ಸರಿಯಾಗಿ ಗೊತ್ತಿದ್ದಂತೆ ಕಾಣಲಿಲ್ಲ. ಎಲ್ಲೋ ಓದಿದ ಕುಹಕವನ್ನು ಒಪ್ಪಿಸಿದ್ದ ಅಷ್ಟೆ.

ಮರುದಿನ ಮಗನ ಕೆಂಪು ಅಂಗಿಯನ್ನು ಒಗೆದು ಹಿಂಡುವಾಗ ನೋಡಿದೆ. ಕೊರಳಪಟ್ಟಿಯ ಹಿಂದೆ, ಜಡೆ ಬೀಳುವ ಜಾಗದಲ್ಲಿ, ಎರಡು ಪುಟ್ಟ ದೀಪದ ಕುಡಿಗಳು. ನಡುವೆ 97 ಎಂಬ ಅಂಕಿ. ಆಟಗಾರನ ಸಂಖ್ಯೆ ಅಷ್ಟು ಚಿಕ್ಕದಾಗಿರುವುದಿಲ್ಲವಲ್ಲ ಎಂದು ಕೇಳಿದೆ. “ಸತ್ತವರು ಅಮ್ಮ” ಎಂದ. ಚರಿತ್ರೆಯ ಪಾಠ ಹೇಳಿ ಹೊಟ್ಟೆ ಹೊರೆಯುವವಳಿಗೆ ಅಷ್ಟು ಸಾಕಾಯಿತು. ಆ ಬೇಸಿಗೆ ರಜೆಯೆಲ್ಲ ಅದನ್ನೇ ಓದಿದೆ.

1989ರ ಏಪ್ರಿಲ್ 15, ಶನಿವಾರ. ನಾನಾಗ ಬಿ.ಎ. ಓದುತ್ತಿದ್ದ ಹುಡುಗಿ. ಶೆಫೀಲ್ಡ್ ಎಂಬ ಊರಿನ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳಿಗೆ ಎಫ್.ಎ. ಕಪ್ ಸೆಮಿಫೈನಲ್. ಆಗಿನ ಮೈದಾನಗಳಲ್ಲಿ ಬಹಳಷ್ಟು ಜನ ನಿಂತೇ ನೋಡುತ್ತಿದ್ದರು. ಜನ ಆಟದ ಬಯಲಿಗೆ ನುಗ್ಗಬಾರದೆಂದು ಎತ್ತರದ ಕಬ್ಬಿಣದ ಬೇಲಿ ಹಾಕಿ, ನಿಲ್ಲುವ ಜಾಗವನ್ನು ದೊಡ್ಡಿಗಳಂತೆ ಭಾಗ ಮಾಡಿದ್ದರು. ಆಟ ಶುರುವಾಗಲು ಕೆಲವೇ ನಿಮಿಷಗಳಿರುವಾಗ ಹೊರಗೆ ಕಿರಿದಾದ ಬಾಗಿಲುಗಳ ಮುಂದೆ ಜನ ಒತ್ತರಿಸಿದರು. ಪೊಲೀಸರು ಹೊರಹೋಗುವ ದೊಡ್ಡ ಗೇಟನ್ನು ತೆರೆಸಿದರು. ಒಳಬಂದವರ ಎದುರಿಗೇ ಒಂದು ಸುರಂಗದ ದಾರಿ. ಅದು ಆಗಲೇ ತುಂಬಿ ತುಳುಕುತ್ತಿದ್ದ ನಡುವಿನ ದೊಡ್ಡಿಗಳಿಗೆ ಹೋಗುತ್ತಿತ್ತು. ಆ ದಾರಿಯನ್ನು ಮುಚ್ಚಿ ಪಕ್ಕಕ್ಕೆ ತಿರುಗಿಸಲು ಯಾರೂ ಹೇಳಲಿಲ್ಲ. ಆಟವನ್ನು ಹತ್ತು ನಿಮಿಷ ತಡಮಾಡಲೂ ಇಲ್ಲ. ಮೂರು ಗಂಟೆಗೆ ಶುರುವಾದದ್ದು ಮೂರು ಗಂಟೆ ಆರು ನಿಮಿಷಕ್ಕೆ ನಿಂತಿತು. ಬೇಲಿಗೆ ಒತ್ತಿ, ನಿಂತಲ್ಲೇ ಉಸಿರುಕಟ್ಟಿ ಸತ್ತವರಲ್ಲಿ ಹತ್ತು ವರ್ಷದ ಬಾಲಕನೂ ಇದ್ದ. ಕೆಲವರು ವರ್ಷಗಟ್ಟಲೆ ಆಸ್ಪತ್ರೆಯಲ್ಲಿ, ಮನೆಯಲ್ಲಿ ನರಳಿ ತೀರಿಕೊಂಡರು. ಕೊನೆಯವರು ಹೋದದ್ದು 2021ರಲ್ಲಿ. ಅಲ್ಲಿಗೆ 97.

ಲಿವರ್‌ಪೂಲ್ ಊರಿನಲ್ಲಿ ಎರಡು ತಂಡಗಳು. ಕೆಂಪಿನದು ಲಿವರ್‌ಪೂಲ್, ನೀಲಿಯದು ಎವರ್ಟನ್. ಆ ವೇಳೆ ಎರಡು ಮೈದಾನಗಳ ನಡುವೆ ಇದ್ದದ್ದು ಒಂದು ಉದ್ಯಾನವನ ಮಾತ್ರ. ಒಂದೇ ಮನೆಯಲ್ಲಿ ಅಣ್ಣ ಕೆಂಪು, ತಮ್ಮ ನೀಲಿ; ಊಟದ ಮೇಜಿನ ಮುಂದೆ ಒಬ್ಬರನ್ನೊಬ್ಬರು ಆಡಿಕೊಳ್ಳುವುದೇ ಅಲ್ಲಿಯ ಸಂಸಾರ. ದುರಂತವಾದ ಒಂದು ವಾರಕ್ಕೆ ಜನ ಆ ಉದ್ಯಾನವನದ ಉದ್ದಕ್ಕೂ, ಒಂದು ಮೈದಾನದಿಂದ ಇನ್ನೊಂದಕ್ಕೆ, ಕೆಂಪು ನೀಲಿ ಶಾಲುಗಳನ್ನು ಗಂಟುಹಾಕುತ್ತಾ ಸರಪಳಿ ಮಾಡಿದರು. ಲಿವರ್‌ಪೂಲಿನ ಆನ್‌ಫೀಲ್ಡ್ ಮೈದಾನದ ಅರ್ಧ ಭಾಗವನ್ನು ಹೂವು ಮುಚ್ಚಿತ್ತು. ತಂಡದ ವ್ಯವಸ್ಥಾಪಕ ಕೆನ್ನಿ ಡಾಲ್‌ಗ್ಲಿಷ್ ಒಂದರ ಹಿಂದೆ ಒಂದು ಶವಸಂಸ್ಕಾರಕ್ಕೆ ಹೋದರು. ಆಟಗಾರರ ಹೆಂಡತಿಯರು ದುಃಖದಲ್ಲಿದ್ದ ಮನೆಯವರ ಜೊತೆ ಕುಳಿತು ಸಂತೈಸಿದರು. ನಮ್ಮಲ್ಲಿ ಸೂತಕದ ಮನೆಗೆ ನೆರೆಯವರು ಅನ್ನ ಮಾಡಿ ಕಳಿಸುವುದಿಲ್ಲವೇ, ಹಾಗೆ.

ಹೀಗೆ ಶಾಲು ಕಟ್ಟಿದವರ ಬಗ್ಗೆಯೇ ನಾಲ್ಕನೆಯ ದಿನ, ಏಪ್ರಿಲ್ 19ರಂದು, ‘ದಿ ಸನ್’ ಪತ್ರಿಕೆ ಮೊದಲ ಪುಟದಲ್ಲಿ ‘ಸತ್ಯ’ ಎಂಬ ದೊಡ್ಡ ತಲೆಬರಹ ಹಾಕಿ, ಅಭಿಮಾನಿಗಳು ಸತ್ತವರ ಜೇಬು ಹುಡುಕಿದರು ಎಂದು ಬರೆಯಿತು. ಅದು ಹಸಿ ಸುಳ್ಳು. ಆ ಊರಿನ ಬಹಳ ಮಂದಿ ಅಂದಿನಿಂದ ಆ ಪತ್ರಿಕೆಯನ್ನು ಮುಟ್ಟುವುದನ್ನೇ ಬಿಟ್ಟರು.

ಈಗ ನನ್ನ ಹುಡುಗರು ಹರಟೆ ಹೊಡೆಯುವ ಆ ಕೊನೆಯ ದಿನಕ್ಕೆ ಬರುತ್ತೇನೆ. ಏಪ್ರಿಲಿನಲ್ಲಿ ನಡೆಯಬೇಕಾಗಿದ್ದ ಲಿವರ್‌ಪೂಲ್–ಆರ್ಸೆನಲ್ ಲೀಗ್ ಪಂದ್ಯವನ್ನು ಈ ಸಾವುಗಳಿಂದಾಗಿ ಮುಂದೂಡಿದ್ದರು. ಅದು ಬಂದು ನಿಂತದ್ದು ಮೇ 26ರ ಶುಕ್ರವಾರ ರಾತ್ರಿಗೆ, ಎಲ್ಲ ಆಟಗಳೂ ಮುಗಿದ ಮೇಲೆ. ಪಟ್ಟಿಯಲ್ಲಿ ಲಿವರ್‌ಪೂಲ್ 76 ಅಂಕ, ಆರ್ಸೆನಲ್ 73. ಗೆದ್ದರೆ 3 ಅಂಕ. ಸಮವಾದರೆ ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟ ಗೋಲನ್ನು ಕಳೆದು ನೋಡುವುದು: ಲಿವರ್‌ಪೂಲಿಗೆ 39, ಆರ್ಸೆನಲಿಗೆ 35. ಆರ್ಸೆನಲ್ ಒಂದು ಗೋಲಿನಿಂದ ಗೆದ್ದರೆ 38ಕ್ಕೆ 36, ಸಾಲದು. ಎರಡು ಗೋಲಿನಿಂದ ಗೆದ್ದರೆ ಇಬ್ಬರಿಗೂ 37. ಆಗ ಹೆಚ್ಚು ಗೋಲು ಹೊಡೆದವರು ಆರ್ಸೆನಲ್. ಕೂಡುವ ಕಳೆಯುವ ಲೆಕ್ಕ ಇಷ್ಟು ರೋಚಕವಾಗಿ ಯಾವ ಪಠ್ಯಪುಸ್ತಕದಲ್ಲೂ ನಾನು ಕಂಡಿಲ್ಲ.

ಹಾಗಾಗಿ ಭವಿಷ್ಯ ಹೇಳುವವರಿಗೆ ಕೆಲಸ ಸುಲಭವಾಗಿತ್ತು. ಲಿವರ್‌ಪೂಲ್ ಹೊಸ ವರ್ಷದ ದಿನ ಸೋತದ್ದೇ ಕೊನೆ, ಆಮೇಲೆ ಸೋತಿರಲಿಲ್ಲ. ಆರು ದಿನಗಳ ಹಿಂದೆ ಎವರ್ಟನ್ನನ್ನೇ 3–2ರಿಂದ ಸೋಲಿಸಿ ಎಫ್.ಎ. ಕಪ್ ಎತ್ತಿತ್ತು. ಮೂರು ದಿನಗಳ ಹಿಂದೆ ವೆಸ್ಟ್ ಹ್ಯಾಮ್ ಮೇಲೆ 5–1. ಇತ್ತ ಆರ್ಸೆನಲ್ ಸ್ವಂತ ಅಂಗಳದಲ್ಲೇ ಡರ್ಬಿಗೆ ಸೋತು, ವಿಂಬಲ್ಡನ್ ಜೊತೆ ಸಮ ಮಾಡಿಕೊಂಡು ಮುಖ ಸಣ್ಣಗೆ ಮಾಡಿಕೊಂಡಿತ್ತು. ಆನ್‌ಫೀಲ್ಡಿನಲ್ಲಿ ಗೆದ್ದು ಸುಮಾರು ಹದಿನೈದು ವರ್ಷ, ಲೀಗ್ ಪ್ರಶಸ್ತಿ ಕಂಡು ಹದಿನೆಂಟು ವರ್ಷ. ಲಿವರ್‌ಪೂಲಿನ ಹಳೆಯ ನಾಯಕ ಗ್ರೇಮ್ ಸೌನೆಸ್ ಹೆಸರಿನಲ್ಲಿ ಒಂದು ಪತ್ರಿಕೆ, ಆರ್ಸೆನಲ್ ದೇವರಿಗೆ ಹರಕೆ ಹೊತ್ತರೂ ಪ್ರಯೋಜನವಿಲ್ಲ ಎಂಬರ್ಥದ ತಲೆಬರಹ ಹಾಕಿತು. ಆರ್ಸೆನಲಿನ ನಾಯಕ ಟೋನಿ ಆಡಮ್ಸ್‌ಗೆ ಆಗ ಇಪ್ಪತ್ತೆರಡು ವರ್ಷ. ಏಪ್ರಿಲಿನಲ್ಲಿ ತನ್ನ ಕಡೆಗೇ ಒಂದು ಗೋಲು ಹೊಡೆದುಕೊಂಡದ್ದಕ್ಕೆ ಪತ್ರಿಕೆಯವರು ಅವನ ಚಿತ್ರಕ್ಕೆ ಕತ್ತೆಯ ಕಿವಿ ಅಂಟಿಸಿದ್ದರು. ಎದುರಾಳಿ ಅಭಿಮಾನಿಗಳು ಕತ್ತೆಯಂತೆ ಅರಚಿ, ಗಜ್ಜರಿ ಎಸೆಯುತ್ತಿದ್ದರಂತೆ. ನಮ್ಮ ಕಾಲದ ಮೇಷ್ಟರುಗಳು ದಿನಕ್ಕೆ ನಾಲ್ಕು ಸಲ ಬಳಸುತ್ತಿದ್ದ ಬೈಗುಳ ಅಷ್ಟು ದೂರ ಪ್ರಯಾಣ ಮಾಡಿದೆಯಲ್ಲ ಎಂದು ಓದಿ ನಗು ಬಂತು.

ಆ ರಾತ್ರಿ ಲಂಡನ್ನಿನಿಂದ ಹೊರಟ ಅಭಿಮಾನಿಗಳ ಬಸ್ಸುಗಳು ಹೆದ್ದಾರಿಯಲ್ಲಿ ಸಿಕ್ಕಿಕೊಂಡವು. ಅವರು ಬರಲೆಂದು ಆಟವನ್ನು ತಡಮಾಡಿ ಶುರುಮಾಡಿದರು. ಆರು ವಾರಗಳ ಹಿಂದೆ ಮಾಡದೆ ಬಿಟ್ಟ ಅದೇ ಕೆಲಸ. ಈ ಒಂದು ವಾಕ್ಯವನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಿತ್ತಲಲ್ಲಿ ಓಡಾಡಿದೆ.

ಆಟಕ್ಕೆ ಮೊದಲು ಹಳದಿ ಅಂಗಿಯ ಆರ್ಸೆನಲ್ ಹುಡುಗರು ಒಬ್ಬೊಬ್ಬರೂ ಒಂದೊಂದು ಹೂಗುಚ್ಛ ಹಿಡಿದು ಬಂದರು. ಮೈದಾನದ ನಾಲ್ಕೂ ಕಡೆಗೆ ಓಡಿ ಎದುರಾಳಿಯ ಜನರ ಕೈಗೆ ಕೊಟ್ಟರು. ಅಲ್ಲಿ ಗೋಲಿನ ಹಿಂದಿನ ಇಳಿಜಾರಿಗೆ ‘ಕಾಪ್’ ಎಂದು ಹೆಸರು. ದಕ್ಷಿಣ ಆಫ್ರಿಕದ ಸ್ಪಯಾನ್ ಕಾಪ್ ಎಂಬ ಗುಡ್ಡದ ಮೇಲೆ 1900ರಲ್ಲಿ ನಡೆದ ಕಾಳಗದಲ್ಲಿ ಆ ಸೀಮೆಯ ಸೈನಿಕರು ಬಹಳ ಮಂದಿ ಸತ್ತರು, ಅವರ ನೆನಪಿಗೆ ಇಟ್ಟ ಹೆಸರು. ಆ ಗುಡ್ಡದಿಂದ ಗಾಯಾಳುಗಳನ್ನು ಹೊತ್ತು ತಂದ ಭಾರತೀಯರ ದಳದ ಮುಂದಾಳು ನಮ್ಮ ಗಾಂಧೀಜಿ. ತರಗತಿಯಲ್ಲಿ ಇಷ್ಟು ವರ್ಷ ಬೋಯರ್ ಯುದ್ಧ ಹೇಳಿಕೊಟ್ಟಿದ್ದೇನೆ, ಇದು ಹೀಗೆ ಸುತ್ತಿ ಬಂದು ಮಗನ ಅಂಗಿಗೆ ಸೇರುತ್ತದೆಂದು ಎಣಿಸಿರಲಿಲ್ಲ.

ಮೊದಲ ಅರ್ಧ ಗೋಲಿಲ್ಲ. 52ನೆಯ ನಿಮಿಷಕ್ಕೆ ಆಲನ್ ಸ್ಮಿತ್ ತಲೆಯಿಂದ ಸವರಿ ಒಂದು ಗೋಲು. ಆಮೇಲೆ ಗಡಿಯಾರ ಓಡಿತು. ಲಿವರ್‌ಪೂಲಿನ ಸ್ಟೀವ್ ಮೆಕ್‌ಮಾಹನ್ ಇನ್ನೊಂದೇ ನಿಮಿಷ ಎಂದು ಬೆರಳೆತ್ತಿ ತನ್ನವರಿಗೆ ತೋರಿಸುತ್ತಿದ್ದ. ಚೆಂಡನ್ನು ಮೂಲೆಯಲ್ಲಿ ಇಟ್ಟುಕೊಂಡು ಕಾಲ ಕಳೆಯಬಹುದಾಗಿದ್ದ ಜಾನ್ ಬಾರ್ನ್ಸ್ ಮುನ್ನುಗ್ಗಲು ಹೋಗಿ ಕಳೆದುಕೊಂಡ. ಅದು ಆರ್ಸೆನಲ್ ಗೋಲಿಯ ಕೈಗೆ ಬಂದು, ಅಲ್ಲಿಂದ ಮೂರೇ ಹೆಜ್ಜೆಯಲ್ಲಿ ಮೈಕೆಲ್ ಥಾಮಸ್ ಕಾಲಿಗೆ. ನಿಗದಿತ ಸಮಯ ಮುಗಿದು ಹೆಚ್ಚುವರಿ ನಿಮಿಷ ನಡೆಯುತ್ತಿತ್ತು. ಗೋಲಿ ಬೀಳುವವರೆಗೆ ಕಾದು ಅವನ ಮೇಲಿಂದ ಎತ್ತಿ ಹಾಕಿದ. 2–0. ಮಗ ತೋರಿಸಿದಾಗ, ಮೂವತ್ತಕ್ಕೂ ಹೆಚ್ಚು ವರ್ಷ ಹಳೆಯ ಆ ಚಿತ್ರ ನೋಡಿ ನಾನೂ ಕುರ್ಚಿಯಿಂದ ಎದ್ದುಬಿಟ್ಟೆ.

ಜ್ಯೋತಿಷಿಗಳೆಲ್ಲ ಸುಳ್ಳಾದರು. ನನ್ನನ್ನು ಹಿಡಿದದ್ದು ಅದಲ್ಲ. ಸೋತ ಊರಿನ ಜನ, ಮನೆಯಲ್ಲಿ ಇನ್ನೂ ಸಾವಿನ ವಾಸನೆ ಆರದವರು, ಹೊರಟುಹೋಗದೆ ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿದರು.

ಆ ಊರಿನ ಜಗಳ ಆಟದ ಜೊತೆ ಮುಗಿಯಲಿಲ್ಲ. ಆನ್ ವಿಲಿಯಮ್ಸ್ ಎಂಬ ತಾಯಿಯ ಮಗ ಕೆವಿನ್‌ಗೆ ಹದಿನೈದು ವರ್ಷ. ಮೊದಲ ವಿಚಾರಣೆಯ ಅಧಿಕಾರಿ, ಮೂರೂಕಾಲು ಗಂಟೆಯ ಹೊತ್ತಿಗೆ ಎಲ್ಲರಿಗೂ ಮರಣಕಾರಕ ಪೆಟ್ಟು ಬಿದ್ದಾಗಿತ್ತು, ಆಮೇಲಿನ ಸಂಗತಿ ಕೇಳುವುದಿಲ್ಲ ಎಂದ. ಆದರೆ ಸುಮಾರು ನಾಲ್ಕು ಗಂಟೆಗೆ ತನ್ನ ತೋಳಿನಲ್ಲಿ ಆ ಹುಡುಗ ಕಣ್ಣು ತೆರೆದು ‘ಅಮ್ಮ’ ಅಂದ ಎಂದು ಒಬ್ಬ ಮಹಿಳಾ ಪೊಲೀಸ್ ಹೇಳಿದ್ದಳು. ಆ ಒಂದು ಶಬ್ದವನ್ನು ಹಿಡಿದುಕೊಂಡು ಆ ತಾಯಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಚೇರಿಗಳಿಗೆ, ನ್ಯಾಯಾಲಯಗಳಿಗೆ ಅಲೆದಳು. 2012ರಲ್ಲಿ ಸ್ವತಂತ್ರ ಸಮಿತಿ ದಾಖಲೆಗಳನ್ನು ಹೊರತಂದಾಗ, ಪೊಲೀಸರ 164 ಹೇಳಿಕೆಗಳನ್ನು ತಿದ್ದಿದ್ದು, ಅದರಲ್ಲಿ 116ರಿಂದ ಪೊಲೀಸರಿಗೆ ಪ್ರತಿಕೂಲವಾದ ಮಾತು ತೆಗೆದದ್ದು ಬಯಲಾಯಿತು. ಅದೇ ಡಿಸೆಂಬರಿನಲ್ಲಿ ಹಳೆಯ ತೀರ್ಪುಗಳು ರದ್ದಾದವು. ಆನ್ 2013ರ ಏಪ್ರಿಲ್ 15ರಂದು ಗಾಲಿಕುರ್ಚಿಯಲ್ಲಿ ಕುಳಿತು ಆನ್‌ಫೀಲ್ಡಿನ ಸ್ಮರಣೆಗೆ ಬಂದಳು. ಮೂರು ದಿನಕ್ಕೆ ಕ್ಯಾನ್ಸರಿನಿಂದ ತೀರಿಕೊಂಡಳು. ಅಭಿಮಾನಿಗಳದೇನೂ ತಪ್ಪಿಲ್ಲ, ಇವು ಕಾನೂನುಬಾಹಿರ ಸಾವುಗಳು ಎಂದು ಹೊಸ ತೀರ್ಪು ಬಂದದ್ದು 2016ರ ಏಪ್ರಿಲ್ 26ಕ್ಕೆ. ಅವಳು ಕೇಳಿಸಿಕೊಳ್ಳಲಿಲ್ಲ. ಅಂದು ಮೈದಾನದ ಹೊಣೆ ಹೊತ್ತಿದ್ದ ಪೊಲೀಸ್ ಅಧಿಕಾರಿ 2019ರಲ್ಲಿ ಖುಲಾಸೆಯಾದ.

‘ಯಾವಾಗಲೂ ಅಯ್ಯೋ ಪಾಪದವರು’ ಎಂಬ ಕುಹಕ ಈ ತಾಯಂದಿರನ್ನೂ ಸೇರಿಸಿಕೊಂಡೇ ಆಡುವ ಮಾತು. 2023ರ ಕಪ್ ಫೈನಲಿಗೆ ಬೇರೊಂದು ತಂಡದ ಅಭಿಮಾನಿಯೊಬ್ಬ, 97 ಸಾಲದೆಂಬ ಅರ್ಥದ ಅಂಗಿ ತೊಟ್ಟು ಹೋಗಿದ್ದ. ನ್ಯಾಯಾಲಯ ಅವನನ್ನು ನಾಲ್ಕು ವರ್ಷ ಮೈದಾನಗಳಿಂದ ಹೊರಗಿಟ್ಟಿತು.

ಇದನ್ನೆಲ್ಲ ತಂಗಿಯ ಮಗನಿಗೆ ಪಾಠದಂತೆ ಒಪ್ಪಿಸಲು ಮನಸ್ಸಾಗಲಿಲ್ಲ. ಅವನು ಮುಂದಿನ ಸಲ ಬಂದಾಗ ಇಸ್ತ್ರಿ ಮಾಡುತ್ತಿದ್ದೆ. ಕೆಂಪಂಗಿಯನ್ನು ಮಡಿಸುವ ಮುನ್ನ ಕೊರಳಪಟ್ಟಿಯನ್ನು ಅವನ ಕಡೆಗೆ ತಿರುಗಿಸಿ, ‘ಅಮ್ಮ’ ಎಂದ ಹುಡುಗನ ಕತೆಯನ್ನಷ್ಟೇ ಹೇಳಿದೆ. ಅವನು ಅಂಗಿಯನ್ನು ಕೈಗೆ ತೆಗೆದುಕೊಂಡು, ಅಂಕಿಯ ಮೇಲೆ ಹೆಬ್ಬೆರಳು ಆಡಿಸಿ, “ದೊಡ್ಡಮ್ಮ, ನಾನು ಅಂದದ್ದು ಇದಕ್ಕೆ ಅಂತ ಗೊತ್ತಿರಲಿಲ್ಲ” ಎಂದ. ಆಮೇಲೆ ಜಗಲಿಗೆ ಹೋದ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಮಗನ ದನಿ ಕೇಳಿತು: “ಬರೆದಿಟ್ಟುಕೋ, ಈ ಸಲ ನಿಮಗೆ ಮೂರನೇ ಸ್ಥಾನವೂ ಇಲ್ಲ.” “ನಿನ್ನ ತಲೆ!” ಎಂದು ಇವನು ಕೂಗಿದ. ನಾನು ಅಂಗಿಯನ್ನು ಮಡಿಸಿ ಬೀರುವಿನಲ್ಲಿಟ್ಟೆ.